ಪೊರೆ ಬಿಡೋ ಹಾವಿಗೆ ಕಾಸು ಉಜ್ಜಿದ್ದು

ಊರಲ್ಲಿ ಯಾರಿಗಾದ್ರೂ ಮೈ ಭಾರ, ತಲೆ ದಿಮ್ ಅಂದ್ರೆ ಸಾಕು, "ಗಾಳಿ ಹೊಕ್ಕಿದೆ, ಗಿಯೆಮ್ ಅಜ್ಜಿನ ಕರೀರಿ" ಅಂತಿದ್ರು. ಅಜ್ಜಿ ಎಂಟ್ರಿ ಕೊಡೋಳು. ಒಂದು ಕೈಲಿ ಘಾಟು ಎಣ್ಣೆ ಸೀಸೆ, ಇನ್ನೊಂದು ಕೈಲಿ ಗಂಡನ ಕಾಲದ ದಪ್ಪ ತಾಮ್ರದ ಕಾಸು. ಬೆನ್ನಿಗೆ ಎಣ್ಣೆ ಬೀಳ್ತು, ಕಾಸು ಸರ್‍ರ್ ಅಂತ ಗೀರ್ತು, ಕೆಂಪು ಪಟ್ಟೆ ಎದ್ದವು, ಜ್ವರ ಔಟ್! "ಈ ಕಾಸು ಸೋತಿದ್ದು ಹಿಸ್ಟರೀಲೇ ಇಲ್ಲ ಕಣ್ರೋ" ಅಂತ ಅಜ್ಜಿ ಡೈಲಾಗ್ ಹೊಡೆದ್ರೆ, ಜಾವಾದ ಆ ಓಣಿಗೆ ಓಣಿಯೇ ತಲೆ ಆಡಿಸ್ತಿತ್ತು.

ಅಂಥ ಅಜ್ಜಿ ಮನೆಗೆ ಮೊಮ್ಮಗ ಜಾತ್ಮಿಕೊ, ಎಲ್ಲರ ಬಾಯಲ್ಲಿ ಮಿಕೊ, ಒಂದು ದಿನ ಹಾವು ತಂದ.

"ಅದು ಒಳಗೆ ಬಂದ್ರೆ ನಾನು ಆಚೆ!"

"ಅಜ್ಜಿ, ಕೇರೆ ಜಾತಿದು. ವಿಷ ಇಲ್ಲ. ಕಾಡಿಂದ ಹಿಡಿದಿದ್ದಲ್ಲ, ಸಾಕೋರ ಮನೇಲೇ ಮೊಟ್ಟೆ ಒಡೆದು ಬಂದಿದ್ದು. ಬಣ್ಣ ನೋಡು ಮೊದ್ಲು."

ಅಜ್ಜಿ ಬಾಗಿಲ ಸಂದೀಲಿ ಇಣುಕಿದ್ಲು. ಹಾವು ಬೆಳ್ಳಿ ಬಣ್ಣಕ್ಕಿತ್ತು. ಈಗಷ್ಟೇ ತಿಕ್ಕಿಟ್ಟ ಲೋಟದ ಥರ.

"ಯಾರೋ ಬಳಿದಿದ್ದು?"

"ಯಾರೂ ಬಳಿದಿಲ್ಲ. ಈ ಜಾತೀಲಿ ಬಹಳಷ್ಟು ಹಸಿರು, ಕೆಲವು ಹಳದಿ, ಕೆಲವು ಹಿಂಗೆ. ಹುಟ್ಟಿದ್ದೇ ಹಂಗೆ. ನಿನ್ನ ಮಕ್ಕಳಲ್ಲಿ ನಮ್ಮಪ್ಪ ಕಪ್ಪು, ಅತ್ತೆ ಬಿಳುಪು. ಅದನ್ನ ಯಾರು ಬಳಿದ್ರು?"

"ನಿನ್ನ ಬಾಯಿ ನೋಡು, ಮಾರುದ್ದ!"

ಹಾವಿನ ಹೆಸರು ಪೆರಾಕ್, ಅಂದ್ರೆ ಅಲ್ಲಿನ ಮಾತಲ್ಲಿ ಬೆಳ್ಳಿ. ಎರಡೇ ತಿಂಗಳಲ್ಲಿ ಸೀನ್ ಬದಲಾಯ್ತು. ಅಜ್ಜಿ ದಿನಾ ಸಂಜೆ ಸಿಹಿ ಚಹಾ ಹಿಡ್ಕೊಂಡು ಗಾಜಿನ ಪೆಟ್ಟಿಗೆ ಮುಂದೆ ಕೂರೋಳು. ಸೊಸೆ ಮೇಲಿನ ದೂರೆಲ್ಲ ಪೆರಾಕ್ ಕಿವಿಗೆ. "ಇದಕ್ಕೆ ಕಿವಿನೇ ಇಲ್ಲ ಅಜ್ಜಿ" ಅಂದ ಮಿಕೊ. "ಅದಕ್ಕೇ ಹೇಳೋದು" ಅಂದ್ಲು ಅಜ್ಜಿ.

ಆಮೇಲೆ ಮಿಕೊ ಕೆಲಸದ ಮೇಲೆ ಹತ್ತು ದಿನ ಸೆಮಾರಾಂಗ್ ನಗರಕ್ಕೆ ಹೊರಟ. "ನೀರಿನ ಬಟ್ಟಲು ತುಂಬಿಸು, ಸಾಕು. ಮೈ ಮುಟ್ಬೇಡ. ಏನಾದ್ರೂ ಆದ್ರೆ ವೆನಿಂಗ್ ಅಕ್ಕಂಗೆ ಫೋನ್ ಮಾಡು." ವೆನಿಂಗ್ ಅದೇ ಓಣಿ ಹುಡುಗಿ, ಪಟ್ಟಣದ ಪ್ರಾಣಿ ಆಸ್ಪತ್ರೇಲಿ ಕೆಲಸ ಮಾಡೋಳು, ಹಾವಿನ ಆರೈಕೆ ಬಲ್ಲೋಳು.

ನಾಲ್ಕನೇ ದಿನ ಅಜ್ಜಿ ನೋಡ್ತಾಳೆ, ಬೆಳ್ಳಿ ಹೋಗಿ ಒಲೆ ಬೂದಿ ಆಗಿದೆ. ಕಣ್ಣಿಗೆ ನೀಲಿ ಬಿಳುಪು ಕವಿದಿದೆ. ಮೂಲೇಲಿ ಮುದುಡಿ ಮಲಗಿದೆ.

ಪಕ್ಕದ ಮನೆ ತುರ್ಮುದಿ ಇಣುಕಿದ. ಅವನ ಮನೇಲೂ ಅದೇ ಜಾತಿ ಹಳದಿ ಹಾವೊಂದು ಹೊಸದಾಗಿ ಬಂದಿತ್ತು. "ಅಯ್ಯೋ ಅಜ್ಜಿ, ಕಣ್ಣೇ ಹೋಯ್ತಲ್ಲ! ವೆನಿಂಗ್‌ಗೆ ಫೋನ್ ಮಾಡ್ಲಾ?"

"ಆ ಹುಡುಗಿ ಹುಟ್ಟೋಕೆ ಮುಂಚೆ ಅವಳಮ್ಮಂಗೆ ಕಾಸು ಉಜ್ಜಿದವಳು ನಾನು. ಅವಳನ್ನ ಕೇಳ್ಬೇಕಾ? ಗಾಳಿ ಹೊಕ್ಕಿದೆ ಕಣೋ. ಹಿಡ್ಕೋ ಬಾಲ."

ಎಣ್ಣೆ ಬಿತ್ತು. ಕಾಸು ಹೊರಗೆ ಬಂತು.

ಮೊದಲ ಗೀರಿಗೇ ಈರುಳ್ಳಿ ಸಿಪ್ಪೆ ಥರ ಏನೋ ಎದ್ದು ಬಂತು. "ನೋಡು, ಕೊಳೆ ಬಿಡ್ತಿದೆ! ಕೆಳಗೆ ಬೆಳ್ಳಿ ಇದೆ!" ಅಂತ ಅಜ್ಜಿ ಹಿಗ್ಗಿದ್ಲು. ಇನ್ನೊಂದು ಗೀರು. ಮತ್ತೊಂದು. ತಲೆ ಹತ್ರ ಬಂದಾಗ ಕಣ್ಣಿನ ಮೇಲಿಂದ್ಲೂ ಚೂರು ಕಿತ್ಕೊಂಡು ಬಂತು. ಯಾವತ್ತೂ ಕಚ್ಚದ ಪೆರಾಕ್ ಬಾಯಿ ತೆರೆದು ಎರಗಿತು. ಗುರಿ ತಪ್ಪಿ ಗಾಳಿ ಕಚ್ಚಿತು. ಯಾರ ಕೈ ಅಂತ ಅದಕ್ಕೆ ಕಾಣ್ತಿರ್ಲಿಲ್ಲ.

ಅಜ್ಜಿ ಬೆರಳಿಗೆ ಎಣ್ಣೆ ಅಲ್ಲದ ಒದ್ದೆ ತಾಗಿತು. ನೋಡಿದ್ರೆ ರಕ್ತ.

"ತುರ್ಮುದಿ... ಫೋನ್ ಮಾಡೋ."

ವೆನಿಂಗ್ ಓಡಿ ಬಂದ್ಲು. ಹಾವಿನ ಮೈಮೇಲಿನ ಎಣ್ಣೆ ಒದ್ದೆ ಬಟ್ಟೇಲಿ ಮೆಲ್ಲಗೆ ಒತ್ತಿ ತೆಗೆದ್ಲು.

"ಅಜ್ಜಿ, ಇದಕ್ಕೆ ರೋಗಾನೇ ಇರ್ಲಿಲ್ಲ. ಪೊರೆ ಬಿಡೋಕೆ ತಯಾರಾಗಿತ್ತು. ಆಗ ಯಾವ ಬಣ್ಣದ್ದಾದ್ರೂ ಮಂಕಾಗುತ್ತೆ, ಕಣ್ಣು ಬೆಳ್ಳಗಾಗುತ್ತೆ. ಸುಮ್ನೆ ಬಿಟ್ಟಿದ್ರೆ ಕಾಲುಚೀಲ ಕಳಚಿದಂಗೆ ತಾನೇ ಕಳಚ್ತಿತ್ತು. ಒಳಗಿನ ಚರ್ಮ ಇನ್ನೂ ಎಳೇದು. ಅದನ್ನೇ ಕಿತ್ರಿ. ಮೇಲೆ ಆ ಎಣ್ಣೆ ಬೇರೆ."

"ಬೆಳ್ಳಿ ವಾಪಸ್ ಬರುತ್ತಾ ಮಗಾ?"

ವೆನಿಂಗ್ ಹಾವನ್ನ ಪೆಟ್ಟಿಗೆಗೆ ಇಳಿಸಿದ್ಲು. ಆಸ್ಪತ್ರೆಗೆ ತಗೊಂಡು ಹೋದ್ಲು, ಔಷಧಿ ಹಾಕಿದ್ಲು. ಆಸ್ಪತ್ರೆ ಸೇರಿದ ಐದನೇ ದಿನ ಪೆರಾಕ್ ಸತ್ತೋಯ್ತು.

ಮಿಕೊ ಬರೋ ದಿನ ತುರ್ಮುದಿ ಪಿಸುಗುಟ್ಟಿದ, "ಅಜ್ಜಿ, ತಾನಾಗಿ ಸತ್ತೋಯ್ತು ಅಂದ್ಬಿಡಿ. ನಾನು ಸಾಕ್ಷಿ."

"ಕಾಸು ಹಿಡಿದ ಕೈಗೆ ಗೊತ್ತಲ್ಲೋ" ಅಂದ್ಲು ಅಜ್ಜಿ. ಮೊಮ್ಮಗ ಚಪ್ಪಲಿ ಬಿಡೋ ಮೊದ್ಲೇ ಎಲ್ಲ ಹೇಳಿದ್ಲು. ಮಿಕೊ ಒಳಗೆ ಹೋದ. ನೀರಿನ ಬಟ್ಟಲು ತೊಳೆದು ಬೋರಲು ಹಾಕಿದ.

"ಬಯ್ಯೋ ಒಂದ್ಸಲ!"

"ಏನಂತ ಬಯ್ಲಿ ಅಜ್ಜಿ? ಮುಟ್ಬೇಡ ಅಂದೆ. ಯಾಕೆ ಅಂತ ಹೇಳ್ದೇನೇ ಹೋದೆ."

ಬೈದಿದ್ರೇ ಚೆನ್ನಾಗಿತ್ತು ಅನ್ನಿಸ್ತು ಅಜ್ಜಿಗೆ. ಸಂಜೆ ಚಹಾ ಹಿಡ್ಕೊಂಡು ಖಾಲಿ ಪೆಟ್ಟಿಗೆ ಮುಂದೆ ಕೂತ್ಲು. ಕುಡಿಯಕ್ಕಾಗ್ಲಿಲ್ಲ.

ತಿಂಗಳಾದ ಮೇಲೆ ತುರ್ಮುದಿ ಪೆಟ್ಟಿಗೆ ಹೊತ್ಕೊಂಡು ಓಡಿ ಬಂದ. "ಅಜ್ಜಿ, ನನ್ನ ಹಳದೀದೂ ಮಂಕಾಯ್ತು! ಕಣ್ಣು ಬಿಳಿ! ಈ ಸಲ ಸ್ವಲ್ಪ ಮೆತ್ತಗೆ ಉಜ್ಜಿ ನೋಡಿ..."

"ಇಡೋ ಕೆಳಗೆ! ಮುಟ್ಟಿದ್ರೆ ಕೈ ಮುರೀತೀನಿ. ವೆನಿಂಗ್ ಹತ್ರ ಕೇಳಿ ತಿಳ್ಕೊಂಡಿದೀನಿ, ಒಳಗೆ ಒಂದು ಒದ್ದೆ ಬಟ್ಟೆ ಇಡು. ನೀರಿಡು. ಊಟ ಹಾಕ್ಬೇಡ, ಎತ್ತಿ ಆಡಿಸ್ಬೇಡ. ಕತ್ತಲು ಮಾಡಿ ಬಿಡು."

"ಆಮೇಲೆ?"

"ಆಮೇಲೆ ಏನೂ ಮಾಡ್ಬೇಡ. ನಂಗೆ ಬರದೇ ಇದ್ದ ವೈದ್ಯ ಅದೊಂದೇ ಕಣೋ."

ಹತ್ತನೇ ದಿನ ತುರ್ಮುದಿ ಎರಡೂ ಕೈಲಿ ಹಿಡ್ಕೊಂಡು ಬಂದ. ಮೂತಿಯಿಂದ ಬಾಲದವರೆಗೂ ಹರಿಯದ ಪೊರೆ. ಕಣ್ಣಿನ ಮೇಲಿನ ಪೊರೇನೂ ಎರಡು ಪುಟ್ಟ ಗಾಜಿನ ಬಿಲ್ಲೆ ಥರ ಅದರ ಜೊತೇಲೇ ಬಂದಿತ್ತು. ಅವನ ಪೆಟ್ಟಿಗೇಲಿ ಹಳದಿ ಮತ್ತೆ ಫಳಫಳ ಅಂತಿತ್ತು.

ಅಜ್ಜಿ ಪೊರೆ ಮೇಲೆ ಬೆರಳಾಡಿಸಿದ್ಲು. ತೂಕಾನೇ ಇರ್ಲಿಲ್ಲ. "ಇಷ್ಟೇ ಆಗಿತ್ತಾ ಅದಕ್ಕೆ ಬೇಕಾಗಿದ್ದಿದ್ದು" ಅಂದ್ಲು. "ಹತ್ತು ದಿನ."

ಕೇಳ್ತಾ ಇರೋ ಅಣ್ಣಂದಿರೆ, ಅಕ್ಕಂದಿರೆ, ನಿಮ್ಮ ಹಾವಿನ ಬಣ್ಣ ಮಾಸಿದ್ರೆ, ಕಣ್ಣು ಬೆಳ್ಳಗಾದ್ರೆ ಹೀರೋ ಆಗೋಕೆ ಹೋಗ್ಬೇಡಿ. ಎಣ್ಣೆ ಬೇಡ, ಕಾಸು ಬೇಡ, ಉಗುರೂ ಬೇಡ. ಒದ್ದೆ ಬಟ್ಟೆ ಇಟ್ಟು ಕಾಯಿರಿ. ಪೊರೆ ತುಂಡಾಗಿ ಮೈಗೆ ಅಂಟಿದ್ರೆ ಪ್ರಾಣಿ ವೈದ್ಯರ ಹತ್ರ ಹೋಗಿ. ಚೆಂದದ ಬಣ್ಣ ಅಂತ ಗದ್ದೆ, ಕಾಡಿಂದ ಹಾವು ಹಿಡಿದು ತರ್ಬೇಡಿ. ಮತ್ತೆ, ಊರಿಗೆ ಹೊರಡೋ ಮುಂಚೆ ಮನೇಲಿ ಇರೋರನ್ನ ಕೂರಿಸಿ ಇದನ್ನೆಲ್ಲ ಹೇಳಿ. "ಮುಟ್ಬೇಡ" ಅಂದು ಬಸ್ ಹತ್ಬೇಡಿ. ಯಾಕೆ ಅಂತಾನೂ ಹೇಳಿ. ಪ್ರೀತಿ ಇರೋ ಕೈ ಸುಮ್ನೆ ಕೂರಲ್ಲ.