ಆಗಸ್ಟ್ ಹನ್ನೊಂದರ ದನಿ

ಡಾಕ್ಟರು ಆರ್ಲೋ ವೆಸ್ಟರ್‌ಗಾರ್ಡನ ಧ್ವನಿಪೆಟ್ಟಿಗೆಯನ್ನು ಫೆಬ್ರವರಿಯಲ್ಲಿ ಕೊಯ್ದು ತೆಗೆದರು. ಆದರೆ ಅವನ ದನಿ ಕೆಟಲ್ ಬೆಂಡ್ ಊರಿನಲ್ಲಿ ಇನ್ನೂ ಎರಡು ಕಡೆ ಉಳಿದುಕೊಂಡಿತ್ತು. ಒಂದು, ಅವನ ಮನೆಯ ಫೋನಿಗೆ ಜೋಡಿಸಿದ ಸಂದೇಶ ಯಂತ್ರದಲ್ಲಿ. ಯಾರೂ ಎತ್ತದಿದ್ದರೆ ಅದು ತಾನೇ ಶುರುವಾಗುತ್ತಿತ್ತು: “ವೆಸ್ಟರ್‌ಗಾರ್ಡ್ ಮನೆ. ನಾವು ಮನೇಲಿಲ್ಲ, ಇಲ್ಲಾ ಮಾತಾಡೋ ಮನಸ್ಸಿಲ್ಲ. ಹೇಳೋದಿದ್ರೆ ಹೇಳಿಡಿ.” ಹೆಂಡತಿ ಡೊರೀನ್ ಅದನ್ನು ಅಳಿಸಲು ಬಿಟ್ಟಿರಲಿಲ್ಲ. ಇನ್ನೊಂದು, ಬೇಸ್‌ಬಾಲ್ ಮೈದಾನದಲ್ಲಿ.

ಮೈದಾನದಲ್ಲಿ ಮೂವತ್ತು ವರ್ಷ ಮೈಕು ಹಿಡಿದವನು ಅವನು. ಊರಿನ ತಂಡ ಹೆರನ್ಸ್ ಆಡುವಾಗ, ಏಳನೆಯ ಇನಿಂಗ್ಸ್ ಅರ್ಧಕ್ಕೆ ನಿಂತು ಜನ ಎದ್ದು ಮೈಮುರಿಯುವ ಹೊತ್ತಿಗೆ ಸರಿಯಾಗಿ “ಹೆರನ್ಸ್ ಚರಿತ್ರೆಯಲ್ಲಿ ಈ ದಿನ” ಎಂದು ಶುರು ಮಾಡುತ್ತಿದ್ದ. ಯಾವ ವರ್ಷದ ಈ ದಿನ ಯಾರು ಚೆಂಡನ್ನು ಮಿಸಿಸಿಪ್ಪಿ ನದಿಗೆ ಹೊಡೆದ, ಯಾರ ಪ್ಯಾಂಟು ಹರಿಯಿತು, ಇಂಥದೆಲ್ಲ. ಅದರ ಖರ್ಚು ಹಾಲ್ವರ್ಸನ್ ಸೋಫಾ ಅಂಗಡಿಯವರದು, ಕೊನೆಗೆ ಅವರ ಹೆಸರು ಬರಬೇಕು. ಗಂಟಲಿಗೆ ಕತ್ತಿ ಬೀಳುತ್ತದೆಂದು ಗೊತ್ತಾದ ಮೇಲೆ, ಜನವರಿಯ ಚಳಿಯಲ್ಲಿ ಬಟ್ಟೆ ಬೀರುವಿನೊಳಗೆ ಕಂಬಳಿ ಹೊದ್ದು ಕುಳಿತು, ಬೇಸಿಗೆಯ ಅಷ್ಟೂ ದಿನಗಳನ್ನು ರೆಕಾರ್ಡ್ ಮಾಡಿಟ್ಟ. ಕೊನೆಕೊನೆಗೆ ನೋವಿನ ಮಾತ್ರೆ ನುಂಗಿ ಓದಿದ್ದು. ಏನು ಓದಿದೆನೆಂಬ ನೆನಪು ಅವನಿಗೆ ಅಷ್ಟಕ್ಕಷ್ಟೆ.

ಈಗ ಮೈಕು ಮಾರ್ಲಾಳ ಕೈಗೆ ಬಂದಿತ್ತು. ಚಳಿಗಾಲದಲ್ಲಿ ಶಾಲೆಯ ಕಚೇರಿ ನೋಡಿಕೊಳ್ಳುವ, ನಲವತ್ತು ದಾಟಿದ, ಬಾಯಿ ಬಿಟ್ಟರೆ ತಮಾಷೆಯ ಹೆಂಗಸು. ಆಟವಿದ್ದ ದಿನವೆಲ್ಲ ಆರ್ಲೋ ಅವಳ ಹಿಂದೆ ಸ್ಟೂಲಿನ ಮೇಲೆ ಕೂರುತ್ತಿದ್ದ. ಏಳನೆಯ ಇನಿಂಗ್ಸಿನಲ್ಲಿ ಅವಳು ಗುಂಡಿ ಒತ್ತುತ್ತಿದ್ದಳು, ಅವನು ತನ್ನ ದನಿಯನ್ನು ತಾನೇ ಕೇಳುತ್ತಿದ್ದ. ತನ್ನ ತಿಥಿಯೂಟಕ್ಕೆ ತಾನೇ ಬಂದು ಎಲೆ ಮುಂದೆ ಕೂತವನ ಹಾಗೆ. ಆದರೂ ಬಾರದೆ ಇರುತ್ತಿರಲಿಲ್ಲ. ದಿನಕ್ಕೆ ಒಂದು ನಿಮಿಷ ಅವನು ಹಳೆಯ ಆರ್ಲೋ ಆಗುತ್ತಿದ್ದ, ಅದನ್ನು ಬಿಟ್ಟುಕೊಡಲು ಅವನಿಂದ ಆಗುತ್ತಿರಲಿಲ್ಲ.

ಆ ಬೇಸಿಗೆ ಅವನ ಮನೆಯ ನೆಲಮಾಳಿಗೆಯಲ್ಲಿ ಡಾರೆಲ್ ಪ್ರೂಯಿಟ್ ಇದ್ದ. ಸಣ್ಣ ತಂಡದ ಆಟಗಾರರಿಗೆ ಸಿಗುವ ಸಂಬಳದಲ್ಲಿ ಬಾಡಿಗೆ ಕಟ್ಟಿದರೆ ಊಟವಿಲ್ಲ, ಊಟ ಮಾಡಿದರೆ ಮನೆಯಿಲ್ಲ. ಅದಕ್ಕೇ ಊರಿನವರು ಒಬ್ಬೊಬ್ಬರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು. ಪ್ರೂಯಿಟ್ ಅರ್ಕನ್ಸಾದವನು, ಚೆಂಡು ಎಸೆಯುವ ಪಿಚರ್. ಇಪ್ಪತ್ತೆಂಟಕ್ಕೇ ತಂಡದ ಹುಡುಗರು ಅವನನ್ನು ತಾತ ಎಂದು ಕರೆಯುತ್ತಿದ್ದರು. ಅವನ ಕಟ್ಟುಪಾಡುಗಳೋ ಕೇಳಬೇಡಿ. ಎಸೆಯುವ ದಿನ ಅಂಚು ಕತ್ತರಿಸಿದ ಕಡಲೆಕಾಯಿ ಬೆಣ್ಣೆಯ ಬ್ರೆಡ್ಡೇ ಆಗಬೇಕು, ಎಡಗಾಲಿನ ಸಾಕ್ಸೇ ಮೊದಲು, ಮೈದಾನದ ಬಿಳಿ ಸುಣ್ಣದ ಗೆರೆಯನ್ನಂತೂ ತುಳಿಯಲೇಬಾರದು. ದಾಟುವಾಗ ಕೊಕ್ಕರೆಯ ಹಾಗೆ ಕಾಲೆತ್ತಿ ದಾಟುತ್ತಿದ್ದ.

“ಇವನ ಮಡಿ ನಮ್ಮತ್ತೆಗೂ ಇರ್ಲಿಲ್ಲ,” ಎಂದು ಡೊರೀನ್ ಅಂಚು ಕತ್ತರಿಸುತ್ತಲೇ ಗೊಣಗುತ್ತಿದ್ದಳು.

ಆರ್ಲೋಗೆ ಅವನೆಂದರೆ ಪ್ರಾಣ. ದನಿ ಹೋದವನ ಎದುರು ಊರಿನವರೆಲ್ಲ, ಕಿವಿಯೂ ಹೋಗಿದೆಯೇನೋ ಎಂಬಂತೆ ಕಿರುಚಿ ಮಾತಾಡುತ್ತಿದ್ದರು. ಪ್ರೂಯಿಟ್ ಒಬ್ಬನೇ ಮೆಲ್ಲಗೆ ಮಾತಾಡಿದವನು. ಆರ್ಲೋ ಎಂಥ ಮಾತುಗಾರನಾಗಿದ್ದನೆಂದು ಅವನು ಕಂಡವನೇ ಅಲ್ಲ, ಹಾಗಾಗಿ ಅಯ್ಯೋ ಪಾಪ ಎನ್ನುವ ಮುಖವೂ ಇರಲಿಲ್ಲ. ಇಬ್ಬರೂ ಅಡುಗೆಮನೆಯಲ್ಲಿ ಇಸ್ಪೀಟು ಹಾಕುತ್ತಿದ್ದರು. ಮೇಜಿನ ಮೇಲೆ ಬೆರಳಗೆಣ್ಣಿನಿಂದ ಒಮ್ಮೆ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ. ಅಷ್ಟರಲ್ಲೇ ಬೇಸಿಗೆ ಕಳೆದಿತ್ತು.

ಒಂದು ಶನಿವಾರ ಸಂಜೆ ಇಸ್ಪೀಟೆಲೆ ಕಲೆಸುತ್ತ ಪ್ರೂಯಿಟ್ ಹೇಳಿದ, “ನಾಳೆ ಮೇಲಿನ ತಂಡದೋರು ಒಬ್ರು ನನ್ ನೋಡೋಕೆ ಬರ್ತಾರಂತೆ ಸಾರ್. ಚೆನ್ನಾಗಿ ಎಸೆದ್ರೆ ಉಳ್ಕೋತೀನಿ. ಇಲ್ಲಾಂದ್ರೆ ನಾಳೇಗೇ ಕೊನೆ, ಅಣ್ಣನ ಕೋಳಿ ಫಾರಂಗೆ ಹೋಗೋದೇ. ಕೋಳಿ ವಾಸನೆ ನಂಗಾಗಲ್ಲ.” ಎಲೆ ಹಂಚುತ್ತ, “ನಾಳೆ ಚೆನ್ನಾಗಾಗತ್ತೆ ಅನ್ಸತ್ತಾ ನಿಮ್ಗೆ?” ಎಂದ.

ಆರ್ಲೋ ಒಮ್ಮೆ ಕುಟ್ಟಿದ.

ಭಾನುವಾರ ಮಧ್ಯಾಹ್ನದ ಆಟ. ಪ್ರೂಯಿಟ್ ಎಸೆದದ್ದನ್ನು ಎದುರಿನವರಿಗೆ ಮುಟ್ಟಲಾಗಲಿಲ್ಲ. ಮೂರನೆಯ ಇನಿಂಗ್ಸ್ ಆಯಿತು, ನಾಲ್ಕಾಯಿತು, ಫಲಕದಲ್ಲಿ ಅವರ ಹೊಡೆತಗಳ ಲೆಕ್ಕ ಸೊನ್ನೆಯಾಗಿಯೇ ಇತ್ತು. ಒಂಬತ್ತೂ ಇನಿಂಗ್ಸ್ ಒಬ್ಬನಿಗೂ ಒಂದೂ ಹೊಡೆತ ಬಿಟ್ಟುಕೊಡದೆ ಮುಗಿಸಿದರೆ ಅದಕ್ಕೆ ನೋ-ಹಿಟರ್ ಎನ್ನುತ್ತಾರೆ. ಅಂಥದ್ದು ನಡೆಯುತ್ತಿರುವಾಗ ಆ ಹೆಸರನ್ನು ಬಾಯಲ್ಲಿ ತರಬಾರದು. ತಂದರೆ ಅಲ್ಲಿಗೆ ಕೆಟ್ಟಿತು. ಪಿಚರ್ ಜೊತೆ ಮಾತಾಡಬಾರದು, ಕೂತ ಜಾಗ ಬದಲಿಸಬಾರದು, ದಿನವೂ ಮಾಡುವ ಯಾವುದನ್ನೂ ನಿಲ್ಲಿಸಬಾರದು. ಆರನೆಯ ಇನಿಂಗ್ಸಿನ ಹೊತ್ತಿಗೆ ಮೈದಾನವೆಲ್ಲ ಗಪ್‌ಚಿಪ್. ಕೆಳಗೆ ತಂಡದ ಬೆಂಚಿನ ಮೇಲೆ ಪ್ರೂಯಿಟ್ ತಲೆಗೆ ಟವೆಲ್ ಹಾಕಿಕೊಂಡು ಒಬ್ಬನೇ ಕೂತಿದ್ದ, ಉಳಿದವರು ಮೈಲಿಗೆಗೆ ಹೆದರಿದವರಂತೆ ದೂರ ಸರಿದಿದ್ದರು. ಮೊದಲ ಸಾಲಿನಲ್ಲಿ ಹುಲ್ಲಿನ ಟೋಪಿಯ ಅಪರಿಚಿತನೊಬ್ಬ ಮುಂದಕ್ಕೆ ಬಾಗಿ ನೋಡುತ್ತಿದ್ದ. ಅವನೇ ಮೇಲಿನ ತಂಡದವನು.

ಆರ್ಲೋ ಖುಷಿಯಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದ. ಆಗ ಗೋಡೆಯ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಆಗಸ್ಟ್ ಹನ್ನೊಂದು.

ಆಗಸ್ಟ್ ಹನ್ನೊಂದು ಎಂದರೆ ಯೂಜೀನ್ ಸ್ಟ್ರಾಂಡನ ದಿನ. ಐವತ್ತೆಂಟನೆಯ ಇಸವಿಯಲ್ಲಿ ಹೆರನ್ಸ್ ತಂಡದ ಒಬ್ಬನೇ ಒಬ್ಬ ಆ ಕೆಲಸ ಮಾಡಿದ್ದು ಇದೇ ದಿನ. ಇನ್ನೊಂದು ಇನಿಂಗ್ಸ್ ಕಳೆಯುವುದರೊಳಗೆ ಅವನದೇ ದನಿ, ಆ ಹೆಸರನ್ನು ಊರಿಗೆಲ್ಲ ಕೇಳುವಂತೆ ಹೇಳಲಿತ್ತು.

ಮಾತು ಹೋದ ಮೇಲೆ ಜೇಬಿನಲ್ಲಿಟ್ಟುಕೊಂಡಿದ್ದ ಪುಟ್ಟ ಸ್ಲೇಟು ತೆಗೆದ. ಏನೆಂದು ಬರೆಯುವುದು? ಹೇಳಬಾರದ್ದನ್ನು ಬರೆಯಬಹುದೇ? ಮೂವತ್ತು ವರ್ಷ ಮೈಕಿನಲ್ಲಿ ಈ ನೇಮ ಕಾದವನಿಗೆ ಸೀಮೆಸುಣ್ಣ ಹಿಡಿದ ಕೈ ಮುಂದೆ ಹೋಗಲಿಲ್ಲ. “ಇವತ್ತಿನದು ಬೇಡ” ಎಂದಷ್ಟೇ ಬರೆದು ಮಾರ್ಲಾಳ ಮುಂದೆ ಹಿಡಿದ.

ಮಾರ್ಲಾ ಓದಿದಳು. ಫಲಕದ ಸೊನ್ನೆ ನೋಡಿದಳು, ಕ್ಯಾಲೆಂಡರು ನೋಡಿದಳು. ಅವಳೂ ಈ ಊರಿನಲ್ಲೇ ಹುಟ್ಟಿದವಳು, ಬಿಡಿಸಿ ಹೇಳಬೇಕಾಗಿರಲಿಲ್ಲ.

“ಅಯ್ಯೋ ದೇವ್ರೇ,” ಎಂದಳು ಪಿಸುದನಿಯಲ್ಲಿ. “ಆದ್ರೆ ಏನೂ ಹಾಕ್ದೆ ಇರೋಕಾಗಲ್ಲ ಸಾಹೇಬ್ರೇ. ದಿನಾ ಬರೋ ದನಿ ಇವತ್ತು ಬರ್ಲಿಲ್ಲ ಅಂದ್ರೆ ಎಲ್ರೂ ತಿರುಗಿ ನೋಡ್ತಾರೆ. ಅದೂ ಕೆಟ್ಟದ್ದೇ.”

ಆರ್ಲೋ ಒಮ್ಮೆ ಕುಟ್ಟಿದ. ಅದು ನಿಜ.

“ನಾಳೇದು ಹಾಕ್ಬಿಡ್ತೀನಿ. ತಾರೀಕು ಯಾರ್ ನೋಡ್ತಾರೆ? ಹಾಲ್ವರ್ಸನ್‌ಗೆ ಸೋಫಾ ಹೆಸ್ರು ಬಂದ್ರೆ ಸಾಕು. ಆಯ್ತಾ?”

ಆರ್ಲೋ ಮತ್ತೊಮ್ಮೆ ಕುಟ್ಟಿದ. ಎಷ್ಟು ಸುಲಭವಾಗಿ ಬಗೆಹರಿಯಿತು ಎಂದುಕೊಂಡ.

ಏಳನೆಯ ಇನಿಂಗ್ಸಿನ ಮೊದಲರ್ಧದಲ್ಲೂ ಪ್ರೂಯಿಟ್ ಮೂವರನ್ನು ಬರಿಗೈಯಲ್ಲಿ ಕಳಿಸಿದ. ಜನ ಎದ್ದು ನಿಂತರು, ಆದರೆ ಯಾರೂ ಮೈ ಮುರಿಯಲಿಲ್ಲ. ಮಾರ್ಲಾ ಗುಂಡಿ ಒತ್ತಿದಳು. ಆರ್ಲೋನ ದನಿ, ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ಆ ಹಳೆಯ ದನಿ, ಮೈದಾನದ ಮೇಲೆ ಹರಿಯಿತು.

“ಹೆರನ್ಸ್ ಚರಿತ್ರೆಯಲ್ಲಿ ಈ ದಿನ. ನಿನ್ನೆ ಕೇಳಿದಿರಲ್ಲ...”

ನಿನ್ನೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಆರ್ಲೋಗೆ ಬೀರುವಿನ ಕತ್ತಲೆ, ಕಂಬಳಿ, ಮಾತ್ರೆಯ ಕಹಿ ಎಲ್ಲ ನೆನಪಾಯಿತು. ಮರುದಿನದ ಕಥೆಯನ್ನು ಅವನು ಹಿಂದಿನ ದಿನದ ಬಾಲಕ್ಕೇ ಕಟ್ಟಿದ್ದ. ಸ್ಟ್ರಾಂಡ್ ಗೆದ್ದ ರಾತ್ರಿ ಕುಡಿದು ಕುಣಿದ ತಂಡ ಬೆಳಗಾದ ಮೇಲೆ ನಿಲ್ಲಲಾರದೆ ಹದಿನಾಲ್ಕು ಓಟದಿಂದ ಸೋತಿತೆಂದು ನಗಿಸುವುದು ಅವನ ಜಾಣತನವಾಗಿತ್ತು. ನಿಲ್ಲಿಸು ಎಂದು ಬಾಯಿ ತೆರೆದ. ಕತ್ತಿನ ತೂತಿನಿಂದ ಗಾಳಿ ಬಂತು, ಇನ್ನೇನೂ ಬರಲಿಲ್ಲ. ಮಾರ್ಲಾಳ ಹೆಗಲ ಮೇಲಿನಿಂದ ಕೈ ಚಾಚಿದ. ಕೈ ಗುಂಡಿಯನ್ನು ಮುಟ್ಟುವುದರೊಳಗೆ ಅವನ ದನಿ ಮುಂದಕ್ಕೆ ಹೋಗಿಯಾಗಿತ್ತು.

“...ನಮ್ಮ ಯೂಜೀನ್ ಸ್ಟ್ರಾಂಡನ ನೋ-ಹಿಟರ್...”

ಅಲ್ಲಿಗೆ ನಿಂತಿತು. ಸರಿಯಾಗಿ ಆ ಮಾತಿನ ಮೇಲೆಯೇ ನಿಂತಿತು. ಪೂರ್ತಿ ಓಡಲು ಬಿಟ್ಟಿದ್ದರೆ ನಗುವಾದರೂ ಬರುತ್ತಿತ್ತೇನೋ. ಸಾವಿರಾರು ಜನರಿದ್ದ ಮೈದಾನದಲ್ಲಿ ನಿಟ್ಟುಸಿರೊಂದು ಎದ್ದು ಅಡಗಿತು, ಆಮೇಲೆ ನದಿಯಲ್ಲಿ ಹೋಗುತ್ತಿದ್ದ ದೋಣಿಯ ಸದ್ದು ಕೂಡ ಕೇಳುವಷ್ಟು ಮೌನ. ಕೆಳಗೆ ಪ್ರೂಯಿಟ್ ಟವೆಲ್ ಸರಿಸಿ, ತಲೆಯೆತ್ತಿ ಮೈಕಿನ ಕೋಣೆಯ ಕಡೆ ನೋಡಿದ. ಸಿಟ್ಟೇನೂ ಇರಲಿಲ್ಲ ಆ ಮುಖದಲ್ಲಿ. ಸಿಟ್ಟಿದ್ದಿದ್ದರೆ ಆರ್ಲೋ ತಡೆದುಕೊಳ್ಳುತ್ತಿದ್ದ.

ನಂಬದವರು ನಂಬಬೇಡಿ. ಚೆಂಡಿಗೆ ಕಿವಿಯಿಲ್ಲ, ಒಪ್ಪಿದೆ. ಚೆಂಡು ಹಿಡಿದವನಿಗೆ ಇದೆಯಲ್ಲ. ಎಂಟನೆಯ ಇನಿಂಗ್ಸಿಗೆ ಪ್ರೂಯಿಟ್ ತಲೆ ತಗ್ಗಿಸಿ ಹೊರಟ. ಆರ್ಲೋ ಅವನ ಕಾಲನ್ನೇ ನೋಡುತ್ತಿದ್ದ. ಬೇಸಿಗೆಯಿಡೀ ಕೊಕ್ಕರೆಯಂತೆ ಎತ್ತಿ ದಾಟಿದ ಕಾಲು ಬಿಳಿ ಗೆರೆಯ ಮೇಲೆಯೇ ಬಿತ್ತು. ಬೂಟಿನ ಗುರುತಿಗೆ ಸುಣ್ಣ ಅಳಿಸಿಹೋಯಿತು. ಪ್ರೂಯಿಟ್ ನಿಂತು ಅದನ್ನು ನೋಡಿದ, ಮತ್ತೆ ನಡೆದ.

ಮೊದಲನೆಯವನು ಹೇಗೋ ಔಟಾದ. ಎರಡನೆಯವನ ಬ್ಯಾಟಿನ ತುದಿಗೆ ತಾಗಿದ ಚೆಂಡು, ಹೊಡೆತವೆಂದು ಕರೆಯಲೂ ನಾಚಿಕೆಯಾಗುವಂಥದ್ದು, ಮೆಲ್ಲಗೆ ಮೇಲೆದ್ದು ಮೂವರು ಆಟಗಾರರ ನಡುವೆ ಹುಲ್ಲಿನ ಮೇಲೆ ಬಿತ್ತು. ಆಮೇಲೆ ಪ್ರೂಯಿಟ್‌ನ ಕೈ ಅವನ ಕೈಯಾಗಿರಲಿಲ್ಲ. ಗುರಿ ತಪ್ಪಿಸಿ ಎಸೆದೆಸೆದು ಒಬ್ಬನನ್ನು ಹೊಡೆಯದೆಯೇ ಮೊದಲ ನೆಲೆಗೆ ನಡೆದುಹೋಗಲು ಬಿಟ್ಟ, ಮುಂದಿನವನು ಚೆಂಡನ್ನು ಬೇಲಿಯಾಚೆ ಹಾಕಿದ. ಹುಲ್ಲಿನ ಟೋಪಿಯವನು ಎದ್ದು, ಮೊಣಕಾಲು ಕೊಡವಿಕೊಂಡು, ಆಟ ಮುಗಿಯುವ ಮೊದಲೇ ಹೊರಟುಹೋದ.

ಜನವೆಲ್ಲ ಖಾಲಿಯಾದ ಮೇಲೆ ಮಾರ್ಲಾ ಕಣ್ಣೊರೆಸಿಕೊಂಡಳು. “ನಂದೇ ತಪ್ಪು.”

ಆರ್ಲೋ ಎರಡು ಸಲ ಕುಟ್ಟಿದ.

“ಒಂದ್ಸಲ ಕೇಳಿ ನೋಡ್ಬೇಕಿತ್ತು. ನೀವಾದ್ರೂ ಯಾಕೆ ಬೇಡ ಅಂತ ಬರೆದಿದ್ರೆ, ಆ ಕಥೆ ಬರೋ ಯಾವ್ದೂ ಬೇಡ ಅಂತ...” ಎಂದವಳು ತಾನೇ ತಡೆದಳು. “ಹೂಂ, ಬರೆಯೋಕೆ ಆಗ್ತಿತ್ತಾ? ನಾನಾದ್ರೂ ಬರೀತಿರ್ಲಿಲ್ಲ.”

ಆರ್ಲೋ ನೇರವಾಗಿ ಮನೆಗೆ ಹೋಗಲಿಲ್ಲ. ಪ್ರೂಯಿಟ್‌ನ ಎದುರು ನಿಂತು ಏನು ಮಾಡುವುದು, ಮೇಜು ಕುಟ್ಟುವುದೇ, ಸ್ಲೇಟಿನಲ್ಲಿ ಬರೆದು ತೋರಿಸುವುದೇ? ನದಿಯ ದಂಡೆ ಹಿಡಿದು ಸುತ್ತಿ ಬಳಸಿ ನಡೆದ. ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಡೊರೀನ್ ಕಾರಿನ ಕೀಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಎಲ್ಲಿ ಹಾಳಾಗಿ ಹೋಗಿದ್ಯೋ ಪುಣ್ಯಾತ್ಮ. ಕೆಲಸದಿಂದ ತೆಗೆದ್ರಂತೆ ಅವ್ನನ್ನ. ಚೀಲ ತುಂಬ್ಕೊಂಡು, ನೀನ್ ಬರ್ತೀಯ ಅಂತ ಆ ಕುರ್ಚೀಲಿ ಕೂತು ಕೂತು ಸಾಕಾಗಿ ಹೋದ. ಊಟಾನೂ ಮುಟ್ಟಲಿಲ್ಲ. ಬೂಟು ಬೇರೆ ಮರ್ತು ಹೋಗಿದಾನೆ. ಬಸ್ಸು ಹೊರಡೋದ್ರೊಳಗೆ ಕೊಟ್ಟು ಬರ್ತೀನಿ. ಬರ್ತೀಯಾ?”

ಆರ್ಲೋ ಬಾಗಿಲ ಚೌಕಟ್ಟನ್ನು ಎರಡು ಸಲ ಕುಟ್ಟಿದ. ಡೊರೀನ್ ಅವನ ಮುಖ ನೋಡಿ ಬೈಯುವುದನ್ನು ಬಿಟ್ಟು ಹೋದಳು. ಅವಳ ಕೈಲಿದ್ದ ಬೂಟಿನ ಅಡಿಯಲ್ಲಿ ಸುಣ್ಣ ಮೆತ್ತಿಕೊಂಡಿತ್ತು.

ಅವಳ ಕಾರು ತಿರುವು ದಾಟಿತ್ತಷ್ಟೆ, ಫೋನು ಬಡಿದುಕೊಂಡಿತು. ಆರ್ಲೋ ಹತ್ತಿರ ಹೋಗಿ ನಿಂತ. ಎತ್ತುವ ಅಭ್ಯಾಸ ತಪ್ಪಿಹೋಗಿತ್ತು. ಬಡಿದು ಬಡಿದು ನಿಂತ ಮೇಲೆ ಅವನ ದನಿ ತಾನೇ ಶುರುವಾಯಿತು: “ವೆಸ್ಟರ್‌ಗಾರ್ಡ್ ಮನೆ. ನಾವು ಮನೇಲಿಲ್ಲ, ಇಲ್ಲಾ ಮಾತಾಡೋ ಮನಸ್ಸಿಲ್ಲ. ಹೇಳೋದಿದ್ರೆ ಹೇಳಿಡಿ.”

“ಸಾರ್, ಪ್ರೂಯಿಟ್ ಮಾತಾಡ್ತಿರೋದು,” ಎಂದಿತು ಯಂತ್ರದ ಸ್ಪೀಕರಿನಲ್ಲಿ ಆಚೆಯ ದನಿ. ಹಿಂದೆ ಬಸ್ಸುಗಳ ಗುರುಗುಟ್ಟು. “ನಿಮ್ಗೆ ಹೇಳ್ದೆ ಬಂದೆ, ಮನಸ್ಸಿಗೆ ಸರಿಹೋಗ್ಲಿಲ್ಲ. ಆಗಿದ್ದು ನಿಮ್ಮಿಂದ ಅಲ್ಲ ಸಾರ್. ಮೈಕಲ್ಲಿ ಏನ್ ಬಂತೋ ನಂಗೆ ಕೇಳಿಸ್ಲೇ ಇಲ್ಲ, ಜನ ಅಷ್ಟು ಗಲಾಟೆ ಮಾಡ್ತಿದ್ರು. ಆರನೇ ಇನಿಂಗ್ಸಲ್ಲೇ ಮೊಣಕೈ ಸೋತಿತ್ತು. ಹೆಂಗೂ ಹೊಡೀತಿದ್ರು.”

ಆರ್ಲೋ ಫೋನೆತ್ತಿದ.

“ಎತ್ತಿದ್ರಾ? ಸಾರ್, ನೀವೇನಾ?”

ಆರ್ಲೋ ಗೆಣ್ಣಿನಿಂದ ಫೋನನ್ನು ಒಮ್ಮೆ ಕುಟ್ಟಿದ.

“ನಾ ಹೇಳಿದ್ದೆಲ್ಲಾ ಕೇಳಿಸ್ತಾ?”

ಒಮ್ಮೆ.

“ನಂಬ್ತೀರಾ?”

ಆರ್ಲೋಗೆ ಮೈದಾನದ ಆ ಮೌನ ನೆನಪಾಯಿತು, ಗೆರೆಯ ಮೇಲೆ ಬಿದ್ದ ಕಾಲು ಕಣ್ಣಿಗೆ ಕಟ್ಟಿತು. ಎರಡು ಸಲ ಕುಟ್ಟಿದರೆ ನಿಜ ಹೇಳಿದಂತಾಗುತ್ತಿತ್ತು, ಆದರೆ ಆ ಕಡೆಯವನು ತನಗಾಗಿ ಹೇಳಿದ ಸುಳ್ಳಿನ ಉಡುಗೊರೆಯನ್ನು ತಿರಸ್ಕರಿಸಿದ ಹಾಗೂ ಆಗುತ್ತಿತ್ತು. ಒಮ್ಮೆ ಕುಟ್ಟಿ, ಎರಡನೆಯದು ಬೀಳದಂತೆ ಕೈ ಬಿಗಿ ಹಿಡಿದುಕೊಂಡ.

“ಸರಿ ಸಾರ್,” ಎಂದ ಪ್ರೂಯಿಟ್. ಇನ್ನೇನೋ ಹೇಳಹೊರಟವನು ಹೇಳಲಾರದೆ ಅಳತೊಡಗಿದ. ಬಸ್‌ಸ್ಟ್ಯಾಂಡಿನಲ್ಲಿ ಜನರ ನಡುವೆ ಗಂಡಸೊಬ್ಬ ಬಾಯಿಗೆ ಕೈ ಅಡ್ಡವಿಟ್ಟುಕೊಂಡು ಅಳುವ ಅಳು. ಅಳಬೇಡ ಕಂದ ಎನ್ನಬೇಕಿತ್ತು ಆರ್ಲೋ. ಇನ್ನೊಂದು ತಂಡ ಸಿಗುತ್ತೆ, ಸಿಗದಿದ್ದರೂ ನೀನು ನಮ್ಮ ಮನೆಯವನೇ ಎನ್ನಬೇಕಿತ್ತು. ಅವನ ಹತ್ತಿರ ಉಳಿದದ್ದು ಎರಡೇ ಮಾತು, ಹೌದು ಮತ್ತು ಇಲ್ಲ. ಎರಡರಲ್ಲಿ ಒಂದೂ ಇದಕ್ಕೆ ಒದಗುವಂಥದ್ದಲ್ಲ. ಆಚೆ ಕಡೆ ನಾಣ್ಯ ಮುಗಿದು ಫೋನು ಕಡಿದುಹೋಗುವ ತನಕ ಅವನು ಅದನ್ನು ಕಿವಿಗೆ ಒತ್ತಿಕೊಂಡು, ಕೈ ಎತ್ತದೆ ಹಾಗೇ ನಿಂತಿದ್ದ.