ಕೋಟಕ್ಕನ ಐದನೆಯ ಅಂಕ

“ಎಡಕ್ಕೆ ಓರೆ ಮಾಡಿ... ಇನ್ನೂ ಸ್ವಲ್ಪ... ತಲೆ ಕಡೆ ಎತ್ರೀ!” ಎಂದು ಕಾವಲುಗಾರ ಕೂಗುತ್ತಿದ್ದ. ಪೆಟ್ಟಿಗೆ ಹೊತ್ತವರು ಸ್ಮಶಾನದ ಕಿರುಬಾಗಿಲಲ್ಲಿ ಸಿಕ್ಕಿಕೊಂಡು, ಅತ್ತ ಹೋಗಲಾರದೆ ಇತ್ತ ಬರಲಾರದೆ, ಮಹಡಿಯ ಮನೆಗೆ ಬೀರು ಸಾಗಿಸುವ ಹಮಾಲರಂತೆ ಏದುಸಿರು ಬಿಡುತ್ತಿದ್ದರು.

“ನಿಲ್ಲಿಸಿ!”

ಹಾಗೆ ಗದರಿದ್ದು ಗರಿಗರಿಯಣ್ಣ, ತೀರಿಹೋದವಳ ಗಂಡ. ಇಸ್ತ್ರಿಪೆಟ್ಟಿಗೆಯ ಉಸಿರಿಗಿಂತ ಜೋರಾಗಿ ಈ ಮನುಷ್ಯ ಎಂದೂ ಮಾತಾಡಿದವನಲ್ಲ. ಆ ಒಂದು ಕೂಗಿಗೆ ಮರದ ಮೇಲಿದ್ದ ಕಾಗೆಗಳೆಲ್ಲ ಎದ್ದು ಪಕ್ಕದ ಊರಿಗೆ ಹೊರಟುಹೋದವು. ಸಂಜೆಯಾದರೂ ವಾಪಸು ಬರಲಿಲ್ಲವಂತೆ.

“ಅವಳನ್ನ ಓರೆ ಮಾಡೋದು ಬೇಡ. ದೊಡ್ಡ ಗೇಟು ತೆಗೀರಿ.”

“ದೊಡ್ಡ ಗೇಟು ದೊಡ್ಡವರಿಗೆ ಯಜಮಾನ್ರೇ,” ಅಂದ ಕಾವಲುಗಾರ. “ಮೇಯರು, ಜಡ್ಜು ಅಂಥವರಿಗೆ. ಲಾಂಡ್ರಿಯವರಿಗೆಲ್ಲ ತೆಗೆದ್ರೆ ನನ್ನ ಕೆಲಸ ಹೋಗತ್ತೆ.”

“ಹಾಗಾದ್ರೆ ಅವಳು ಇಲ್ಲೇ ಇರ್ತಾಳೆ,” ಎಂದು ಗರಿಗರಿಯಣ್ಣ ಪೆಟ್ಟಿಗೆಯನ್ನು ಗೇಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ಇಳಿಸಿ, ಅದರ ಪಕ್ಕ ಕೂತೇಬಿಟ್ಟ. ಪೆಟ್ಟಿಗೆಯ ಮೇಲೆ ಹೊದಿಸಿದ್ದ ಬಿಳಿ ಬಟ್ಟೆಯ ಒಂದು ಸುಕ್ಕು ಕಣ್ಣಿಗೆ ಬಿತ್ತು. ಅಂಗೈಯಿಂದ ಒತ್ತಿ ಸರಿಮಾಡಿದ.

ಊರಿನ ಅರ್ಧ ಜನ ಅಲ್ಲಿದ್ದರು. ಉಳಿದರ್ಧ ದಾರಿಯಲ್ಲಿತ್ತು. ಎಲ್ಲರ ಮೈಮೇಲೂ ಉಣ್ಣೆಯ ಕೋಟು. ಆ ಕೋಟುಗಳ ಮಡಿಕೆ ಎಂಥದೆಂದರೆ, ನೊಣ ಕೂತರೆ ಎರಡು ತುಂಡಾಗಿ ಬೀಳಬೇಕು. ಅಂದು ಬೆಳಿಗ್ಗೆ ಗರಿಗರಿಯಣ್ಣನೇ ಅಂಗಡಿಯ ಬಾಗಿಲು ತೆರೆದು ಅವನ್ನೆಲ್ಲ ಅವರವರಿಗೆ ಕೊಟ್ಟಿದ್ದ. ಅಲ್ಲಿಯವರೆಗೆ, ಚಳಿ ಬಂದು ಮೂಗು ಕೆಂಪಾದರೂ, ಅವನ ಹೆಂಡತಿ ಕೋಟಕ್ಕ ಒಂದನ್ನೂ ಬಿಟ್ಟುಕೊಟ್ಟಿರಲಿಲ್ಲ. ಅವಳಿಗೆ ಆ ಹೆಸರು ಬಂದದ್ದೇ ಹಾಗೆ.

“ಹೋದಾಗೆಲ್ಲ ‘ಇನ್ನೂ ಒಂದು ಕಲೆ ಉಳಿದಿದೆ ಮೇಷ್ಟ್ರೇ’ ಅಂತಿದ್ಲು,” ಎಂದರು ನಿವೃತ್ತ ಮೇಷ್ಟ್ರು, ತಮ್ಮ ಬೂದು ಕೋಟಿನ ತೋಳನ್ನು ಸವರುತ್ತ. “ನನ್ನ ಕೋಟಲ್ಲಿ ಕಲೆ ಎಲ್ಲಿಂದ ಬರಬೇಕು? ನಾನೇನು ಮಗುವಾ, ಮೈಮೇಲೆ ಚೆಲ್ಕೊಳ್ಳೋಕೆ?”

“ಚೆಲ್ಕೋತೀರಿ ಮೇಷ್ಟ್ರೇ,” ಅಂದಳು ಬೇಕರಿಯಮ್ಮ. “ನಮ್ಮ ಅಂಗಡೀಲಿ ನೀವು ಕೂರೋ ಕುರ್ಚಿ ನೋಡಿದ್ರೆ ಗೊತ್ತಾಗತ್ತೆ.”

ಕೋಟಕ್ಕನ ತಂಗಿ ಮೂಗು ಒರೆಸಿಕೊಂಡಳು. “ಕಲೆಯೂ ಇಲ್ಲ, ಮಣ್ಣೂ ಇಲ್ಲ. ಅಕ್ಕನಿಗೆ ತಲೆ ಕೆಟ್ಟಿತ್ತು. ಮಧ್ಯಾಹ್ನ ಅಂಗಡಿ ಮುಚ್ಚಿ ಕೋಟುಗಳ ಮಧ್ಯೆ ನುಗ್ಗಿ ಒಬ್ಬಳೇ ಮಾತಾಡೋಳು. ಒಂದಿನ ನಾನೇ ಕೇಳಿದೆ. ‘ಎಲೈ ಮಂತ್ರಿ, ನಿನ್ನ ನಾಲಿಗೆ ಸೀಳಿಸುತ್ತೇನೆ’ ಅಂತಿದ್ಲು. ಯಾವ ಮಂತ್ರಿ? ಅಲ್ಲಿ ಇದ್ದಿದ್ದು ಇವರ ಬೂದು ಕೋಟು! ಡಾಕ್ಟ್ರಿಗೆ ತೋರಿಸಿ ಅಂತ ಭಾವಂಗೆ ಬಡ್ಕೊಂಡೆ. ಇವರು ನಕ್ಕೊಂಡು ಇಸ್ತ್ರಿ ಹಾಕ್ತಿದ್ರು.”

ಅಷ್ಟರಲ್ಲಿ ಜನರ ಹಿಂದಿನಿಂದ ಗುಡುಗಿತು. ಗುಡುಗೆಂದರೆ ಗುಡುಗೇ; ಕೆಲವರು ತಲೆಯೆತ್ತಿ ಮೋಡ ಹುಡುಕಿದರು.

“ಕ್ಷಮಿಸಬೇಕು. ನಮ್ಮ ರಾಣಿಯವರನ್ನು ಕರೆತಂದಿರುವುದು ಇಲ್ಲಿಗೇನಾ?”

ಜನ ಸರಿದು ದಾರಿ ಬಿಟ್ಟಾಗ ಕಂಡದ್ದು ಒಬ್ಬ ಹಲ್ಲಿನ ಡಾಕ್ಟರು. ಆಳು ಎಷ್ಟು ಸಣ್ಣಗಿದ್ದನೆಂದರೆ ಅವನ ಟೋಪಿ ತೆಗೆದರೆ ಉಳಿಯುವುದು ಬೂಟು ಮಾತ್ರ. ಗರಿಗರಿಯಣ್ಣ ಧಡಕ್ಕನೆ ಎದ್ದು ನಿಂತ.

“ಮಂತ್ರಿ! ನನ್ನ ಹೆಂಡ್ತೀನ ಊರಿಂದ ಹೊರಗೆ ಹಾಕ್ಸಿದವರು ನೀವೇ ಅಲ್ವಾ?”

“ನಾನೇ,” ಎಂದು ಡಾಕ್ಟರು ತಲೆ ತಗ್ಗಿಸಿ, ಹಾಗೇ ಅತ್ತುಬಿಟ್ಟ.

ಗರಿಗರಿಯಣ್ಣ ಅವನನ್ನು ತಬ್ಬಿಕೊಂಡ. ತಂಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಮಂತ್ರಿ ಎಂಬವನೊಬ್ಬ ಇದ್ದಾನೆ, ಅವನಿಗೆ ಕೈಕಾಲುಗಳೂ ಇವೆ ಎಂಬುದು ಅವಳಿಗೆ ಆಗಲೇ ತಿಳಿದದ್ದು.

*

ಆರಂಭವಾದದ್ದು ಒಂದು ಬೈಗುಳದಿಂದ. ಗಂಡಹೆಂಡಿರು ಇಸ್ತ್ರಿ ಹಾಕುತ್ತ ಫೋನಿನಲ್ಲಿ ಪುಸ್ತಕ ಕೇಳುವವರು. ಕಾಸಿಲ್ಲದೆ, ತಮ್ಮ ಸಂತೋಷಕ್ಕೆ ಓದಿ ಅಂತರ್ಜಾಲಕ್ಕೆ ಏರಿಸುವ ಜನರ ದನಿಗಳು ಅವು. ಒಂದಿನ ಒಬ್ಬ ಯುದ್ಧದ ವರ್ಣನೆಯನ್ನು ತಂಗಳು ಗಂಜಿ ಕುಡಿದವನ ಹಾಗೆ ಓದುತ್ತಿದ್ದ.

“ಇವನ ಕೈಗೆ ಕತ್ತಿ ಕೊಟ್ರೆ ತರಕಾರಿ ಹೆಚ್ಚುತಾನೆ,” ಎಂದಳು ಕೋಟಕ್ಕ. “ಇದಕ್ಕಿಂತ ನಾನು ಚೆನ್ನಾಗಿ ಓದ್ತೀನಿ.”

“ಓದು ನೋಡೋಣ,” ಅಂದ ಗಂಡ.

ಓದಿ ಕಳಿಸಿದಳು. ಕೋಟಕ್ಕನ ದನಿಯೆಂದರೆ ಸಾಮಾನ್ಯವೇ? ಅವಳು ಗಿರಾಕಿಯ ಹೆಸರು ಕೂಗಿದರೆ ಎದುರಿನ ಅಂಗಡಿಯ ಕೆಟ್ಟ ಗಡಿಯಾರಗಳು ನಡೆಯತೊಡಗುತ್ತಿದ್ದವು. ಹಾಗೆ ಓದುವವರ ಒಂದು ಗುಂಪು ಕೈಗೆತ್ತಿಕೊಂಡಿದ್ದ ಹಳೆಯ ನಾಟಕದಲ್ಲಿ ಅವಳಿಗೆ ಸಿಕ್ಕಿದ್ದು ರಾಣಿಯ ಪಾತ್ರ. ಮೊದಲ ಅಂಕದಲ್ಲೇ ಮಂತ್ರಿಯ ಮಸಲತ್ತಿನಿಂದ ಕೋಟೆಯ ಹೊರಗೆ ಬೀಳುವ ರಾಣಿ, ಐದನೆಯ ಅಂಕದಲ್ಲಿ ತಿರುಗಿ ಬಂದು ಬಾಗಿಲ ಮುಂದೆ ನಿಲ್ಲುತ್ತಾಳೆ. ಒಳಗಿನ ಜನರೆಲ್ಲ ಎದ್ದು ಕೂಗುತ್ತಾರೆ. ಬಾಗಿಲು ತೆರೆಯುತ್ತದೆ.

ಒಬ್ಬೊಬ್ಬರೂ ಒಂದೊಂದು ಊರಿನಲ್ಲಿ ಕೂತು ತಮ್ಮ ಮಾತುಗಳನ್ನಷ್ಟೇ ಓದಿ ಕಳಿಸುವುದು. ಅವಳಿ ಮಕ್ಕಳ ತಾಯಿಯೊಬ್ಬಳು ಅವನ್ನೆಲ್ಲ ಕತ್ತರಿಸಿ ಜೋಡಿಸುವುದು. ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಕೋಟಕ್ಕನ ಮೊದಲ ರೆಕಾರ್ಡಿಂಗ್ ಕೇಳಿದ ಕತ್ತರಿ ಫೋನು ಮಾಡಿದಳು.

“ಅಕ್ಕಾ, ನೀವು ಬಾವಿಯೊಳಗೆ ಕೂತು ಓದಿದ್ರಾ?”

“ಅಡುಗೆಮನೇಲಿ ಕಣೇ.”

“ಗೋಡೆಗೆ ಹೊಡೆದು ದನಿ ವಾಪಸು ಬರ್ತಿದೆ. ಸುತ್ತ ದಪ್ಪ ಬಟ್ಟೆ ಏನಾದ್ರೂ ಇದ್ರೆ ಸರಿಹೋಗತ್ತೆ. ಸಿಗತ್ತಾ?”

ಕೋಟಕ್ಕ ತಿರುಗಿ ನೋಡಿದಳು. ಚಳಿ ಮುಗಿದು ಇಡೀ ಊರು ತನ್ನ ಕೋಟುಗಳನ್ನು ತೊಳೆಯಲು ತಂದು ಹಾಕಿತ್ತು. ಕಂಬಿಯ ಮೇಲೆ ಸಾಲುಸಾಲು. ಮೇಷ್ಟ್ರ ಬೂದು, ಬೇಕರಿಯಮ್ಮನ ಕೆಂಪು, ಜಡ್ಜರ ಕರಿ.

“ಸಿಗತ್ತೆ,” ಎಂದಳು. ಆ ನಿಮಿಷದಿಂದ ಊರಿಗೆ ಕೋಟಿಲ್ಲದಾಯಿತು.

ಇನ್ನೊಂದು ಪದ್ಧತಿಯನ್ನೂ ಕತ್ತರಿ ಕಲಿಸಿದ್ದಳು. ಓದಿ ಮುಗಿಸಿದ ಮೇಲೆ ಗುಂಡಿ ಒತ್ತಬಾರದು. ಸ್ವಲ್ಪ ಹೊತ್ತು ಉಸಿರೂ ಬಿಡದೆ ಕೂರಬೇಕು. ಆ ಕೋಣೆಯ ಬರಿ ಮೌನವನ್ನೂ ಹಿಡಿಯಬೇಕು, ಮಾತುಗಳ ಸಂದಿಗೆ ಮೆತ್ತಲು. ಕೋಟಕ್ಕನಿಗೆ ರಾಣಿಯಾಗುವುದು ಸುಲಭವಾಗಿತ್ತು. ಸುಮ್ಮನಿರುವುದೇ ಪ್ರಾಣಸಂಕಟ. ಅವಳು ಕಳಿಸಿದ ಒಂದೊಂದು ಮೌನದ ಕೊನೆಗೂ “ಆಯ್ತಾ, ಸಾಕಾ?” ಎಂಬ ಪಿಸುಮಾತು ಇರುತ್ತಿತ್ತು.

*

“ಎಲ್ಲಾ ಮುಗೀತು ಅಂದ್ಕೊಂಡಿದ್ವಿ,” ಎಂದಳು ಕತ್ತರಿ. ಅವಳೂ ಬಂದಿದ್ದಳು, ಎಲ್ಲರನ್ನೂ ಮೊದಲ ಸಲ ಕಣ್ಣಿಂದ ನೋಡುತ್ತ, ಹೆಗಲಿಗೆ ಚೀಲ ತೂಗುಹಾಕಿಕೊಂಡು. ತಂಗಿ ಅವಳ ಮೊಣಕೈಯನ್ನೇ ಹಿಡಿದುಕೊಂಡಿದ್ದಳು. “ಕೊನೇ ದೃಶ್ಯದಲ್ಲಿ ಇಡೀ ಊರು ಕೂಗಬೇಕು. ಇರೋದು ನಾವು ಏಳೆಂಟು ಜನ. ಒಬ್ಬೊಬ್ಬರೂ ಮನೇಲಿ ಮಗು ಎದ್ದೀತು ಅಂತ ಮೆಲ್ಲಗೆ ಕೂಗಿ ಕಳಿಸಿದ್ರು. ಜೋಡಿಸಿ ಕೇಳಿದ್ರೆ, ಬಸ್ಸಿಗೆ ಕಾಯೋರು ಆಕಳಿಸಿದ ಹಾಗಿತ್ತು.”

“ಅದಕ್ಕೆ ನಾನೇ ಹೇಳಿದೆ,” ಡಾಕ್ಟರು ಗುಡುಗಿದ. “ನಾಲ್ಕನೇ ಅಂಕಕ್ಕೆ ನಿಲ್ಸೋಣ, ರಾಣಿ ಹೊರಗಿರೋವಾಗಲೇ ಮುಗಿಸೋಣ ಅಂತ. ನಾಳೆ ಹಾಗೇ ಬಿಡುಗಡೆ ಮಾಡೋದು ಅಂತ ಎಲ್ಲ ಒಪ್ಪಿದ್ರು.”

“ಅಕ್ಕ ಒಪ್ಪಿದ್ಲಾ?” ಕೇಳಿದಳು ತಂಗಿ.

ಕತ್ತರಿ, ಡಾಕ್ಟರು ಇಬ್ಬರೂ ಅಳುವಿನ ನಡುವೆಯೇ ನಕ್ಕುಬಿಟ್ಟರು.

*

ಆ ಸಭೆ ನಡೆದದ್ದು ಕಂಪ್ಯೂಟರಿನ ಪರದೆಯ ಮೇಲೆ, ಕೋಟಕ್ಕ ತೀರಿಕೊಳ್ಳುವ ಹಿಂದಿನ ದಿನ. ಎಲ್ಲರೂ ಮಾತಾಡಿ ಮುಗಿಸುವ ತನಕ ಅವಳು ಯಾರದೋ ಕಾಲರಿಗೆ ಬ್ರಷ್ ಉಜ್ಜುತ್ತ ಕೇಳಿಸಿಕೊಂಡಳು. ಆಮೇಲೆ ಬ್ರಷ್ಷನ್ನು ಮೇಜಿನ ಮೇಲೆ ಕುಕ್ಕಿದಳು. ಅತ್ತ ಏಳೆಂಟು ಊರುಗಳಲ್ಲಿ ಏಳೆಂಟು ಜನ ಬೆಚ್ಚಿ ಕುರ್ಚಿಯಿಂದ ಎದ್ದರು.

“ನಾಲ್ಕು ಅಂಕ ನನ್ನನ್ನ ಬಿಸಿಲಲ್ಲಿ ಅಲೆಸಿ, ಈಗ ಗೇಟಿನ ಹತ್ರ ಬಿಟ್ಟು ಹೋಗ್ತೀರಾ? ನಿಮ್ಮ ಮನೆ ಹೆಣ್ಮಕ್ಕಳನ್ನ ಹೀಗೆ ಹೊರಗೆ ನಿಲ್ಲಿಸ್ತೀರೇನ್ರೀ?”

“ಆದ್ರೆ ಅಕ್ಕಾ, ಜನ ಎಲ್ಲಿದಾರೆ?” ಎಂದಳು ಕತ್ತರಿ.

“ಜನರನ್ನ ನಾನು ತರ್ತೀನಿ.”

ಹಾಗೆಂದು ಕೋಟುಗಳ ನಡುವೆ ನುಗ್ಗಿ ರಾಣಿಯ ಕೊನೆಯ ಮಾತನ್ನು ಒಂದೇ ಉಸಿರಿಗೆ ಓದಿ ಕಳಿಸಿದಳು. ಮಾರನೆಯ ಬೆಳಿಗ್ಗೆ, ಅದೇ ಬ್ರಷ್ ಹಿಡಿದುಕೊಂಡೇ, ಕೌಂಟರಿನ ಹಿಂದೆ ಕುಸಿದಳು. ಗರಿಗರಿಯಣ್ಣ ಓಡಿಬರುವಷ್ಟರಲ್ಲಿ ಮುಗಿದಿತ್ತು. ಇಸ್ತ್ರಿ ಆರಿಸಲು ಅವನು ಮರೆತದ್ದು ಜೀವಮಾನದಲ್ಲಿ ಆ ಒಂದೇ ಸಲ.

*

ಗರಿಗರಿಯಣ್ಣ ಮುಚ್ಚಿದ ಗೇಟನ್ನು ನೋಡಿದ. ಪೆಟ್ಟಿಗೆಯನ್ನು ನೋಡಿದ. ಆಮೇಲೆ ಜನರನ್ನು, ಅವರಿಗಿಂತ ಹೆಚ್ಚಾಗಿ ಅವರ ಕೋಟುಗಳನ್ನು ನೋಡಿದ.

“ನಿಮ್ಮ ಮೈಕು ತಂದಿದೀರೇನಮ್ಮಾ?”

ಕತ್ತರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. “ಇದೆ. ಆದ್ರೆ ಇಲ್ಲಿ ರಸ್ತೆ ಗಲಾಟೆ ಅಣ್ಣಾ. ಗಾಳಿ, ಗಾಡಿ...”

“ಕೋಟುಗಳಿವೆಯಲ್ಲ.” ಅವನು ಬೆಂಚಿನ ಮೇಲೆ ಹತ್ತಿ ನಿಂತ. “ಮೇಷ್ಟ್ರೇ, ನಿಮ್ಮ ಕೋಟಲ್ಲಿ ಕಲೆ ಇರ್ಲಿಲ್ಲ. ಯಾರ ಕೋಟಲ್ಲೂ ಇರ್ಲಿಲ್ಲ. ನಾಟಕಕ್ಕೆ ಬೇಕಿತ್ತು, ಇಟ್ಕೊಂಡ್ಲು. ಅವಳು ಆಡಿದ ಒಂದೊಂದು ಮಾತೂ ನಿಮ್ಮ ಕೋಟುಗಳು ಕೇಳಿಸ್ಕೊಂಡಿವೆ. ಈಗ ನೀವು ಕೇಳಿ, ಕೇಳಿ ಉತ್ತರ ಕೂಗಿ. ಒತ್ತೊತ್ತಾಗಿ ಬನ್ನಿ. ರಸ್ತೆ ಕಡೆಗೆ ಬೆನ್ನು ಮಾಡಿ.”

“ನನ್ನ ಕೋಟೂ ನಾಟಕದಲ್ಲಿದೆಯಾ?” ಬೇಕರಿಯಮ್ಮ ಕೆಂಪು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಳು.

“ನಂದು ಮಂತ್ರೀದು,” ಎಂದರು ಮೇಷ್ಟ್ರು, ಎದೆ ಉಬ್ಬಿಸಿ. “ಈಗ ತಾನೇ ಅವಳ ತಂಗಿ ಹೇಳಿದ್ಲು. ನಾಲಿಗೆ ಸೀಳಿಸ್ತೀನಿ ಅಂದಿದ್ದು ನನಗೇ!”

ಕೋಟುಗಳು ಹತ್ತಿರ ಬಂದವು. ಬೂದು, ಕೆಂಪು, ಕರಿ, ಸಾಲಿನ ಹಿಂದೆ ಸಾಲು, ಭುಜಕ್ಕೆ ಭುಜ. ರಸ್ತೆಯ ಸದ್ದು ಮೊದಲು ಸಣ್ಣದಾಯಿತು, ಆಮೇಲೆ ಯಾರೋ ಬಾಗಿಲು ಹಾಕಿದಂತೆ ನಿಂತುಹೋಯಿತು. ಕತ್ತರಿ ಮೈಕನ್ನು ಪೆಟ್ಟಿಗೆಯ ಮೇಲಿಟ್ಟಳು. ಫೋನಿನ ಗುಂಡಿ ಒತ್ತಿದಳು.

ಕೋಟಕ್ಕನ ದನಿ ಬಂತು.

“ಈ ಕೋಟೆಯ ಗೋಡೆಯಲ್ಲಿ ನಾನು ಹೊತ್ತ ಕಲ್ಲುಗಳಿವೆ. ಒಳಗಿರುವವರೇ, ನನ್ನ ಮುಖ ಮರೆತಿದ್ದರೆ ಮರೆಯಿರಿ. ನನ್ನ ದನಿ ನೆನಪಿದ್ದರೆ ಉತ್ತರ ಕೊಡಿ.”

ಸಾವಿನ ಮನೆಯವರ ಮುಂದೆ ಕೂಗುವುದು ಹೇಗೆ? ಮೇಷ್ಟ್ರು ಕೆಮ್ಮಿದರು. ಜಡ್ಜರು ಬೂಟು ನೋಡಿಕೊಂಡರು. ಗರಿಗರಿಯಣ್ಣ ಬಾಯಿ ತೆರೆದ, ದನಿ ಹೊರಡಲಿಲ್ಲ. ಇದ್ದದ್ದನ್ನೆಲ್ಲ ಆಗಲೇ ಕಾಗೆಗಳ ಮೇಲೆ ಖರ್ಚು ಮಾಡಿಬಿಟ್ಟಿದ್ದ.

“ಬಾಗಿಲು ತೆಗೀರಿ!”

ತಂಗಿ. ತಲೆ ಕೆಟ್ಟಿತ್ತು ಎಂದವಳೇ. ಅವಳ ಕೊರಳಲ್ಲೂ ಅದೇ ಮನೆತನದ ಗಂಟೆ ಇತ್ತೆಂದು ಯಾರಿಗೆ ಗೊತ್ತಿತ್ತು?

“ತೆಗೀರಿ ಬಾಗಿಲು! ನಮ್ಮಕ್ಕ ಬಂದಿದಾಳೆ!”

“ಬಾಗಿಲು ತೆಗೀರಿ!” ಬೇಕರಿಯಮ್ಮ.

“ರಾಣಿ ಬಂದಿದ್ದಾಳೆ!” ಡಾಕ್ಟರು. ಮಂತ್ರಿಯೇ ಪಕ್ಷ ಬದಲಿಸಿದ ಮೇಲೆ ಇನ್ನಾರು ಸುಮ್ಮನಿದ್ದಾರು? ಊರಿಗೆ ಊರೇ ಎದ್ದಿತು. ಆ ಕೂಗಿಗೆ ನೆಲ ನಡುಗಿತು, ಗೋಡೆಯ ಸುಣ್ಣ ಉದುರಿತು, ಹಳೆಯ ಸಮಾಧಿಗಳಲ್ಲಿ ಮಲಗಿದ್ದವರು ಮಗ್ಗುಲು ಬದಲಿಸಿ ಯಾರಿರಬಹುದೆಂದು ಕೇಳಿಕೊಂಡರು. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ. “ಬಾಗಿಲು ತೆಗೀರಿ! ಬಾಗಿಲು ತೆಗೀರಿ!”

ಕಾವಲುಗಾರನಿಗೆ ನಾಟಕ ಗೊತ್ತಿರಲಿಲ್ಲ. ಅವನಿಗೆ ಕಂಡದ್ದು ತನ್ನ ಗೇಟು, ಅದರ ಮುಂದೆ ಒಂದು ಊರು, ಆ ಊರಿನ ಎದುರುಸಾಲಿನಲ್ಲಿ ಕರಿ ಕೋಟು ತೊಟ್ಟು ಕತ್ತಿನ ನರ ಉಬ್ಬಿಸಿ ಕೂಗುತ್ತಿದ್ದ ಜಡ್ಜರು. ಅವನು ಬೀಗದ ಕೈ ಹುಡುಕಿದ. ಸಿಕ್ಕಿತು. ಬೀಗ ಕಳಚಿತು. ಯಾವ ಮೇಯರು ಸತ್ತಾಗ ತೆಗೆದದ್ದೋ, ಅಂದಿನಿಂದ ಎಣ್ಣೆ ಕಾಣದ ತಿರುಗಣಿಗಳು ಕಿರ್ರೆಂದು ಚೀರುತ್ತ, ದೊಡ್ಡ ಗೇಟಿನ ಎರಡೂ ರೆಕ್ಕೆಗಳು ಗೋಡೆಗೆ ತಾಗುವವರೆಗೆ ತೆರೆದುಕೊಂಡವು.

ಕತ್ತರಿ ಕೈ ಎತ್ತಿದಳು.

ಎಲ್ಲರೂ ಸುಮ್ಮನಾದರು. ಗರಿಗರಿಯಣ್ಣನೂ ಉಳಿದವರೂ ಪೆಟ್ಟಿಗೆಯನ್ನು ಎತ್ತಿಕೊಂಡರು, ಮೇಲೆ ಮೈಕು ಹಾಗೇ ಇತ್ತು. ಕೋಟುಗಳು ಎರಡಾಗಿ ಸರಿದು ದಾರಿ ಬಿಟ್ಟವು. ಒಂದು ಕೂದಲೆಳೆಯಷ್ಟೂ ಓರೆಯಾಗದೆ ಪೆಟ್ಟಿಗೆ ಗೇಟಿನ ನಟ್ಟನಡುವೆ ಒಳಗೆ ಹೋಯಿತು. ಯಾರೂ ಕೆಮ್ಮಲಿಲ್ಲ. ಮೇಷ್ಟ್ರು ಬರುತ್ತಿದ್ದ ಸೀನನ್ನು ಬೂದು ತೋಳಿನಲ್ಲಿ ಅದುಮಿ ಹಿಡಿದಿದ್ದರು. ಕತ್ತರಿ ಪಕ್ಕದಲ್ಲೇ ನಡೆಯುತ್ತಿದ್ದಳು. ಅವಳ ಬೆರಳು ನಿಲ್ಲಿಸುವ ಗುಂಡಿಯ ಮೇಲಿತ್ತು, ಒತ್ತಲಿಲ್ಲ; ಕಿವಿಗೆ ಸಿಕ್ಕಿಸಿಕೊಂಡ ಯಂತ್ರದಲ್ಲಿ ಆ ಮೌನದ ಕೊನೆಗೆ ಬರಬೇಕಾದ ಕೋಟಕ್ಕನ ಪಿಸುಮಾತಿಗಾಗಿ ಕಾಯುತ್ತಿದ್ದಳು.