ಅಮ್ಮನ ಕೈಗುಣ

ಇಪ್ಪತ್ತು ಕೋಟು. ಇಪ್ಪತ್ತೂ ಬಿಗಿ! ಒಂದೋ ಎರಡೋ ಆಗಿದ್ದರೆ, ತೊಟ್ಟವರೇ ತಿಂದು ದಪ್ಪಗಾಗಿದ್ದಾರೆ ಎಂದು ಜಾರಿಕೊಳ್ಳಬಹುದಿತ್ತು. ಬ್ರೆಡ್ ಕಾರ್ಖಾನೆಯ ಇಪ್ಪತ್ತು ಜನ ಕೆಲಸಗಾರರೂ ಎರಡೇ ವಾರದಲ್ಲಿ ಒಟ್ಟಿಗೆ ದಪ್ಪಗಾದರು ಎಂದರೆ ಯಾರು ನಂಬುತ್ತಾರೆ? ಸೂಪರ್‌ವೈಸರ್ ತಮ್ಮ ಹೊಸ ಬಿಳಿ ಕೋಟು ತೊಟ್ಟು ಮೇಲಿನ ಅಟ್ಟಣೆಯ ಬ್ರೆಡ್ ತಟ್ಟೆಗೆ ಕೈ ಚಾಚಿದ್ದೇ ತಡ, ಎದೆಯ ಗುಂಡಿ ಟಪ್ಪೆಂದು ಹಾರಿ ಹಿಟ್ಟಿನ ಡಬ್ಬಕ್ಕೆ ಬಿತ್ತು. ಸುತ್ತ ನಿಂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೋಟು ಹೊಲಿದ ಪಿನ್ನಿಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಸದಾ ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದಳು ಎಂದು ತರಬೇತಿ ಕೇಂದ್ರದಲ್ಲಿ ಅವಳಿಗೆ ಆ ಹೆಸರು ಬಿದ್ದಿತ್ತು. ಓದು ಅರ್ಧಕ್ಕೆ ನಿಂತವರು, ಮನೆಯಲ್ಲಿ ಕೈ ಹಿಡಿಯುವವರಿಲ್ಲದವರು, ಇಂಥವರಿಗೇ ಒಂಬತ್ತು ತಿಂಗಳು ಹೊಲಿಗೆ ಕಲಿಸುವ ಕೇಂದ್ರ ಅದು. ಕೇಂದ್ರಕ್ಕೆ ಒಂದು ನಿಯಮವಿತ್ತು. ಕಲಿತವರಲ್ಲಿ ಚುರುಕಾದ ಇಬ್ಬರಿಗೆ ಕೊನೆಯಲ್ಲಿ ಹೊರಗಿನ ಒಂದು ನಿಜವಾದ ಕೆಲಸ ಕೊಡುವುದು. ಗಿರಾಕಿ ಒಪ್ಪಿದರೆ, ಬೀದಿಗೆ ಬಾಗಿಲಿರುವ ಮುಂದಿನ ಕೋಣೆ, ಎರಡು ಮಿಷನ್ನು, ಒಂದು ಇಸ್ತ್ರಿಪೆಟ್ಟಿಗೆ ಒಂದು ವರ್ಷ ಆ ಇಬ್ಬರದು. ಅಂಗಡಿ ಅವರದು, ಬೋರ್ಡೂ ಅವರದು. ಈ ಸಲ ಪಿನ್ನಿಗೂ ಲಂಬೂಗೂ ಅವಕಾಶ ಸಿಕ್ಕಿತ್ತು. ಅಳತೆ, ಹೊಲಿಗೆ ಅವಳದು. ಕತ್ತರಿ ಅವನದು.

ಲಂಬೂ ಎಂಬವನು ಅನಾಥಾಲಯದಲ್ಲಿ ಬೆಳೆದವನು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರ. ಎಲ್ಲಿ ಏನು ಕಳೆದರೂ, ಏನು ಮುರಿದರೂ ಎಲ್ಲರೂ ಮೊದಲು ಅವನ ಮುಖ ನೋಡುತ್ತಿದ್ದರು. ಪಾಪ, ಅದು ಅವನಿಗೂ ಅಭ್ಯಾಸವಾಗಿಹೋಗಿತ್ತು.

ಕೋಟುಗಳ ಗಂಟು ಕೇಂದ್ರಕ್ಕೆ ವಾಪಸ್ಸು ಬಂತು. ಕೇಂದ್ರ ನಡೆಸುವ ಮೇಡಂ ಕೂಗಾಡುವವರಲ್ಲ. ಕೂಗಾಡಿದ್ದರೇ ವಾಸಿಯಿತ್ತು.

"ಸೋಮವಾರ ಬೆಳಿಗ್ಗೆವರೆಗೆ ಟೈಮ್ ಕೊಟ್ಟಿದ್ದಾರೆ. ಸರಿ ಹೋದ್ರೆ ಸರಿ. ಇಲ್ಲಾಂದ್ರೆ ಮುಂದಿನ ಕೋಣೆ ಈ ಸಲ ಯಾರಿಗೂ ಇಲ್ಲ," ಎಂದು ಹೇಳಿ ತಮ್ಮ ಕೋಣೆಗೆ ಹೋದರು. ಅಂದು ಶನಿವಾರ.

ಪಿನ್ನಿಯ ಎದೆಯಲ್ಲಿ ಕುಳಿತಿದ್ದ ಭಯ ಅಂಗಡಿಗಿಂತ ದೊಡ್ಡದು. ಅವಳ ಅಮ್ಮನೂ ಒಂದು ಕಾಲಕ್ಕೆ ಮನೆಯಲ್ಲೇ ಹೊಲಿಯುತ್ತಿದ್ದವಳು. ಬಾಗಿಲ ಮುಂದೆ ಹೆಂಗಸರು ಸಾಲುಗಟ್ಟಿ ಕೂರುತ್ತಿದ್ದರಂತೆ. ವರ್ಷ ಕಳೆದಂತೆ ಗೊಣಗಾಟ ಶುರುವಾಯಿತು. ತೋಳು ಹಿಡಿಯುತ್ತೆ, ಎದೆ ಬಿಗಿ, ಉಸಿರು ಕಟ್ಟುತ್ತೆ. ಅಮ್ಮ ಬಿಚ್ಚಿ ಹೊಲಿದಳು, ಹೊಲಿದು ಬಿಚ್ಚಿದಳು. ಕೊನೆಗೆ ಯಾರೋ ಪುಣ್ಯಾತಗಿತ್ತಿ ಅಂದೇಬಿಟ್ಟಳು: "ನಿನ್ನ ಕೈಗುಣ ಕೆಟ್ಟಿದೆ ಕಣಮ್ಮ." ಆ ಮಾತು ಬೀದಿಯೆಲ್ಲ ಸುತ್ತಿತು. ಅಮ್ಮ ಮಿಷನ್ನು ಮಾರಿ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದಳು. ಹನ್ನೊಂದು ವರ್ಷವಾಯಿತು. ತನ್ನ ಕೈಗುಣವೇ ಕೆಟ್ಟದ್ದೆಂದು ಅವಳೂ ನಂಬಿಬಿಟ್ಟಿದ್ದಳು, ಅದೇ ಸಂಕಟ.

ಈಗ ಮಗಳ ಬಟ್ಟೆಯೂ ಬಿಗಿ.

"ನನಗೂ ಬಂದಿದೆ ಕಣೋ ಅಮ್ಮನ ಕೈ," ಎಂದಳು ಪಿನ್ನಿ. ಕಣ್ಣಲ್ಲಿ ನೀರಿತ್ತು.

"ಕೈಗುಣ ಅಂತೆ, ಕಾಲ್ಗುಣ ಅಂತೆ! ಬಟ್ಟೆ ಬಿಗಿ ಆದ್ರೆ ಎಲ್ಲೋ ಲೆಕ್ಕ ತಪ್ಪಿದೆ, ಅಷ್ಟೇ. ಪುಸ್ತಕ ತೆಗಿ," ಎಂದ ಲಂಬೂ.

ಅಳತೆ ಪುಸ್ತಕ ತೆಗೆದರು. ಸೂಪರ್‌ವೈಸರ್ ಕೋಟಿನ ಎದೆ ಸುತ್ತು ಸಡಿಲವೂ ಸೇರಿ ನಲವತ್ತೆರಡು ಇಂಚು ಬರಬೇಕು. ಪಿನ್ನಿ ಚೀಲದಿಂದ ಟೇಪು ತೆಗೆದು ಕೋಟಿನ ಮೇಲೆ ಹಿಡಿದಳು. ನಲವತ್ತಕ್ಕಿಂತ ಒಂದು ಕೂದಲೆಳೆ ಹೆಚ್ಚು, ಅಷ್ಟೇ. ಇನ್ನೊಂದು ಕೋಟು ಹಿಡಿದಳು. ಅದೂ ಕಮ್ಮಿ. ಮೂರನೆಯದೂ ಕಮ್ಮಿ.

ಅವಳಿಗೆ ತಲೆಗೇರಿತು. "ನೀನೇ! ಕಮ್ಮಿ ಕತ್ತರಿಸಿದ್ದೀಯ! ನಾನು ಇಲ್ಲಿ ಅಮ್ಮನ್ನ ಬೈಕೊಂಡು ಕೂತಿದ್ದೀನಿ, ನೀನು ಎಲ್ಲೆಲ್ಲೋ ನೋಡ್ಕೊಂಡು ಕತ್ತರಿ ಆಡಿಸಿದ್ದೀಯ!"

ಲಂಬೂನ ಮುಖ ಕಪ್ಪಿಟ್ಟಿತು, ಮತ್ತದೇ ಹಳೆಯ ಕಥೆ. ಆಮೇಲೆ ಕತ್ತರಿಸುವ ಮೇಜಿನ ಉದ್ದನೆಯ ಸ್ಟೀಲ್ ಸ್ಕೇಲು ತಂದು ಅದೇ ಕೋಟನ್ನು ಹರಡಿ ಅಳೆದ. ಮುಂಭಾಗ ಇಪ್ಪತ್ತೊಂದು, ಹಿಂಭಾಗ ಇಪ್ಪತ್ತೊಂದು.

"ನಲವತ್ತೆರಡು. ನೋಡ್ಕೋ," ಎಂದ.

ಒಂದೇ ಕೋಟು, ಎರಡು ಅಳತೆ! ಪಿನ್ನಿ ಕಣ್ಣು ಕಣ್ಣು ಬಿಟ್ಟಳು. ಲಂಬೂ ಅವಳ ಕೈಯಲ್ಲಿದ್ದ ಟೇಪನ್ನು ದಿಟ್ಟಿಸಿದ. ಬಣ್ಣ ಮಾಸಿ, ಅಂಚು ಬಿರಿದು, ಅಂಕಿಗಳೇ ಅಳಿಸಿಹೋಗುತ್ತಿದ್ದ ಬಟ್ಟೆಯ ಟೇಪು.

"ಇದು ಯಾವುದು? ಕೇಂದ್ರದ್ದಲ್ಲ ಇದು."

"ಅಮ್ಮಂದು."

ಕಾರ್ಖಾನೆಯವರು ಅಳತೆಗೆ ಬೆಳಿಗ್ಗೆ ಆರಕ್ಕೇ ಬನ್ನಿ ಎಂದಿದ್ದರು. ಕೇಂದ್ರದ ಟೇಪುಗಳಿರುವ ಬೀರು ತೆರೆಯುವುದು ಒಂಬತ್ತಕ್ಕೆ. ಪಿನ್ನಿ ಮನೆಯ ತಗಡಿನ ಡಬ್ಬಿಯಿಂದ ಅಮ್ಮನ ಟೇಪು ತೆಗೆದುಕೊಂಡಿದ್ದಳು. "ಬೇಡ ಕಣೇ, ನನ್ನ ಕೈ ತಾಗಿದ್ದು ಅದು," ಎಂದು ಅಮ್ಮ ತಡೆದಿದ್ದಳು. ಇವಳು ಕೇಳಬೇಕಲ್ಲ!

ಲಂಬೂ ಅಮ್ಮನ ಟೇಪನ್ನೂ ಕೇಂದ್ರದ ಹೊಸ ಟೇಪನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹಾಸಿದ. ಒಂದು ಕಡೆ ಎರಡೂ ಸರಿಸಮ. ಅರವತ್ತನೆಯ ಇಂಚಿಗೆ ಬರುವಷ್ಟರಲ್ಲಿ ಅಮ್ಮನದು ಎರಡೂವರೆ ಇಂಚು ಮುಂದೆ ಹೋಗಿತ್ತು. ವರ್ಷಗಟ್ಟಲೆ ಎಳೆದೆಳೆದು ಬಟ್ಟೆ ಹಿಗ್ಗಿಬಿಟ್ಟಿತ್ತು. ಇಂಚುಗಳೇ ಉದ್ದವಾದ ಟೇಪಿನಲ್ಲಿ ಮೈ ಅಳೆದರೆ ಅಂಕಿ ಕಮ್ಮಿಯೇ ಬರುತ್ತದೆ. ಆ ಅಂಕಿಯನ್ನು ಸರಿಯಾದ ಸ್ಕೇಲಿಟ್ಟು ಕತ್ತರಿಸಿದರೆ ಬಟ್ಟೆ ಬಿಗಿಯಾಗದೆ ಇನ್ನೇನಾದೀತು?

"ಅಮ್ಮ ಯಾವುದರಲ್ಲಿ ಗುರುತು ಹಾಕ್ತಿದ್ರು?" ಎಂದು ಕೇಳಿದ ಲಂಬೂ.

"ಮರದ ಸ್ಕೇಲಲ್ಲಿ," ಎಂದಳು ಪಿನ್ನಿ. ಹೇಳುತ್ತಿದ್ದಂತೆಯೇ ಅವಳಿಗೆ ಹೊಳೆಯಿತು, ಅಮ್ಮನಿಗೂ ಆಗಿದ್ದು ಇದೇ.

ಅವಳು ಮೊದಲು ಲಂಬೂಗೆ, "ತಪ್ಪಾಯ್ತು ಕಣೋ. ಎಲ್ಲರ ಹಾಗೇ ನಾನೂ ನಿನ್ನ ಮುಖಾನೇ ನೋಡ್ಬಿಟ್ಟೆ," ಎಂದಳು. ಆಮೇಲೆ ಮೇಡಂ ಕೋಣೆಗೆ ಹೋಗಿ ಅಳತೆ ತಪ್ಪಿದ್ದು ತನ್ನಿಂದ, ಕತ್ತರಿ ತಪ್ಪಲ್ಲ ಎಂದು ಬಾಯಿಬಿಟ್ಟು ಹೇಳಿದಳು. ಮೇಡಂ ಕನ್ನಡಕ ತೆಗೆದು, "ಕಾರಣ ಗೊತ್ತಾಯ್ತು, ಸಂತೋಷ. ಆದ್ರೆ ಸೋಮವಾರ ಸೋಮವಾರಾನೇ," ಎಂದರು.

ಪಿನ್ನಿ ಮನೆಗೆ ಓಡಿದಳು. ಅಮ್ಮ ಆಗಷ್ಟೇ ಕೆಲಸದಿಂದ ಬಂದು, ನೀರಲ್ಲಿ ನೆನೆದು ಸುಕ್ಕಾದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಮಗಳು ಎರಡೂ ಟೇಪುಗಳನ್ನು ಚಾಪೆಯ ಮೇಲೆ ಹಾಸಿದಳು. ಅಮ್ಮ ಬಗ್ಗಿ ನೋಡಿದಳು. ತುದಿಯಿಂದ ತುದಿಗೆ ಬೆರಳಾಡಿಸಿದಳು. ಮತ್ತೆ ಮೊದಲಿನಿಂದ ಆಡಿಸಿದಳು.

"ನಿನ್ನ ಕೈ ಕೆಟ್ಟಿರಲಿಲ್ಲಮ್ಮ. ಟೇಪು ಹಿಗ್ಗಿತ್ತು," ಎಂದಳು ಪಿನ್ನಿ.

ಅಮ್ಮ ಆ ಎರಡೂವರೆ ಇಂಚಿನ ಮೇಲೆ ಬೆರಳಿಟ್ಟಳು. "ಇಷ್ಟಕ್ಕೇನೇ?" ಎಂದಳು. "ಇಷ್ಟಕ್ಕೆ ಹನ್ನೊಂದು ವರ್ಷ ಪಾತ್ರೆ ತಿಕ್ಕಿದೆನೇನೇ ನಾನು?" ಎಂದವಳೇ ಬಿಕ್ಕಿಬಿಕ್ಕಿ ಅತ್ತಳು. ಮಗಳೂ ಅತ್ತಳು. ಅಳದೆ ಏನು ಮಾಡುತ್ತಾರೆ, ಹೇಳಿ.

ಅತ್ತು ಮುಗಿಸಿ ಮೂಗೊರೆಸಿಕೊಂಡು ಅಮ್ಮ ಕೇಳಿದ ಮೊದಲ ಮಾತು: "ಕೋಟು ಎಷ್ಟು ಅಂದೆ?"

"ಇಪ್ಪತ್ತು. ನಾಡಿದ್ದು ಬೆಳಿಗ್ಗೆಗೆ."

"ಬಟ್ಟೆ ಮಿಕ್ಕಿದೆಯಾ?"

"ತುಂಡುಗಳಿವೆ."

"ಹಾಗಾದ್ರೆ ಯಾಕೆ ಸತ್ತೋರ ಥರ ಕೂತಿದ್ದೀಯ? ಕಂಕುಳಿಂದ ಕೆಳಗಿನವರೆಗೂ ಎರಡೂ ಮಗ್ಗುಲಿಗೆ ಒಂದೊಂದು ಪಟ್ಟಿ ಸೇರಿಸು. ಕೈ ಎತ್ತಿದ್ರೂ ಹಿಡಿಯಲ್ಲ. ಬಿಗಿ ಬಟ್ಟೆ ಸಡಿಲ ಮಾಡೋದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತೇ? ಅದನ್ನೇ ತಾನೇ ಮಾಡಿ ಮಾಡಿ ಸೋತಿದ್ದು ನಾನು!"

ಭಾನುವಾರ ಬೆಳಿಗ್ಗೆ ಅಮ್ಮ ಹೋಟೆಲಿಗೆ ಹೋಗಲಿಲ್ಲ, ಮಗಳ ಜೊತೆ ಕೇಂದ್ರಕ್ಕೆ ಬಂದಳು. ಹನ್ನೊಂದು ವರ್ಷದ ಮೇಲೆ ಮಿಷನ್ನಿನ ಮುಂದೆ ಕೂತಳು. ಮೊದಲ ಹೊಲಿಗೆ ಸೊಟ್ಟಗೆ ಹೋಯಿತು. ಲಂಬೂ ನೋಡಿಯೂ ನೋಡದವನಂತೆ ಪಟ್ಟಿ ಕತ್ತರಿಸುತ್ತ, "ಅಮ್ಮ, ರಸ್ತೆ ನೇರವಾಗೇ ಇದೆ, ನಿಧಾನಕ್ಕೆ ಬನ್ನಿ," ಎಂದ. ಅಮ್ಮ ನಕ್ಕುಬಿಟ್ಟಳು. ಆಮೇಲೆ ಮಿಷನ್ನು ನಿಲ್ಲಲಿಲ್ಲ. ಅವನು ಕತ್ತರಿಸಿದ, ಪಿನ್ನಿ ಬಿಚ್ಚಿ ಪಿನ್ನು ಹಾಕಿದಳು, ಅಮ್ಮ ಹೊಲಿದಳು. ತೋಳಿನ ತುದಿಗೂ ಒಂದು ಅಂಚು ಸೇರಿಸಿದರು. ಬೆಳಕಿರುವಾಗಲೇ ಕೊನೆಯ ಕೋಟಿಗೂ ಇಸ್ತ್ರಿ ಬಿತ್ತು.

ಸೋಮವಾರ ಮೂವರೂ ಕಾರ್ಖಾನೆಗೆ ಹೋದರು. ಸೂಪರ್‌ವೈಸರ್ ಕೋಟು ತೊಟ್ಟು, ಹುಷಾರಾಗಿ ಒಂದು ಕೈ ಎತ್ತಿದರು. ಆಮೇಲೆ ಎರಡೂ ಕೈ ಎತ್ತಿದರು. ಮೇಲಿನ ಅಟ್ಟಣೆಯಿಂದ ತಟ್ಟೆ ಇಳಿಸಿದರು, ಮತ್ತೆ ಏರಿಸಿದರು. ಗುಂಡಿ ಅಲುಗಲಿಲ್ಲ.

"ಈ ಪಟ್ಟಿ ಹೊಲಿದಿದ್ದು ಯಾರು?" ಎಂದು ಕೇಳಿದರು.

ಹಿಂದೆ ನಿಂತಿದ್ದ ಅಮ್ಮ ಅರ್ಧ ಹೆಜ್ಜೆ ಮುಂದೆ ಬಂದಳು. "ಏನಾದ್ರೂ... ಹಿಡಿಯುತ್ತಾ?" ಎಂದಳು ಅಳುಕುತ್ತ.

"ಹಿಡಿಯೋದಾ? ಹಳೇ ಕೋಟಲ್ಲೂ ಕೈ ಇಷ್ಟು ಸಲೀಸಾಗಿ ಹೋಗ್ತಿರ್ಲಿಲ್ಲ ಕಣಮ್ಮ! ಪ್ಯಾಕಿಂಗಿನವರು ಹತ್ತು ಜನ ಇದ್ದಾರೆ, ಅವರದ್ದೂ ಈಗಲೇ ಅಳತೆ ತಗೊಂಡುಬಿಡಿ. ಹೊಲಿಯೋದು ಇದೇ ಕೈ ಆಗಿರ್ಲಿ."

ಗಿರಾಕಿ ಒಪ್ಪಿದ್ದಾಯಿತು, ಮುಂದಿನ ಕೋಣೆ ಸಿಕ್ಕಿದ್ದಾಯಿತು. ಪಿನ್ನಿ ಅಮ್ಮನ ಕಡೆ ಹೊಸ ಟೇಪು ಚಾಚಿದಳು. ಪ್ಯಾಕಿಂಗಿನ ಮೊದಲ ಆಸಾಮಿ ಆಗಲೇ ಎರಡೂ ಕೈ ಅಗಲಿಸಿಕೊಂಡು ನಿಂತಿದ್ದ. ಅಮ್ಮ ಅವನ ಕಡೆ ಹೋಗಲಿಲ್ಲ. ಲಂಬೂ ಕಂಕುಳಲ್ಲಿ ಇಟ್ಟುಕೊಂಡಿದ್ದ ಸ್ಟೀಲ್ ಸ್ಕೇಲನ್ನು ಕೇಳಿ ತೆಗೆದುಕೊಂಡು, ಹಿಟ್ಟಿನ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಟೇಪು ಹಾಸಿ, ಒಂದನೆಯ ಇಂಚಿನಿಂದ ಬೆರಳಿಟ್ಟು ನೋಡುತ್ತ ಬಂದಳು. ಸ್ಕೇಲು ಸರಿಸಿಕೊಳ್ಳುತ್ತ ಅರವತ್ತರವರೆಗೂ ನೋಡಿದಳು. ಕೈ ಅಗಲಿಸಿಕೊಂಡವನು ಹಾಗೇ ನಿಂತಿದ್ದ. ಯಾರೂ ಅವಸರ ಮಾಡಲಿಲ್ಲ.

"ಸರಿಯಾಗಿದೆ," ಎಂದು ಅಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡಳು.